ಎಂಟು ನಿಮಿಷ ದೂರದ ಸಿಲೋನು

ಯಮನಿಗೆ ವಿಳಾಸ ತಪ್ಪಿಸಲೆಂದೇ ಸಮುದ್ರ ದಾಟಿದವರು ಇಡೀ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಒಬ್ಬರೇ ಒಬ್ಬರು. ಅವರು ನಮ್ಮ ದೊಡ್ಡಪ್ಪ! ನಾನು ಹೀಗೆಂದರೆ ಕೇಳಿದವರು ನಗುತ್ತಾರೆ. ನಾನೂ ಏಳು ವರ್ಷ ನಗುನಗುತ್ತಲೇ ಹೇಳಿದ್ದೇನೆ. ಮದುವೆ ಮನೆಗಳಲ್ಲಿ ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ನನ್ನ ಬಾಯಿಂದ ಈ ಕಥೆ ಕೇಳುವುದು ನಮ್ಮ ಬಂಧುಬಳಗದಲ್ಲಿ ಒಂದು ಪದ್ಧತಿಯೇ ಆಗಿಹೋಗಿತ್ತು.

ಹಾಗೆಂದು ದೊಡ್ಡಪ್ಪ ಪುಕ್ಕಲರೇನಲ್ಲ. ಜಂಗಮಕೋಟೆಯ ಹತ್ತಿರ ಅವರಿಗೆ ಹಿಪ್ಪುನೇರಳೆ ತೋಟವಿತ್ತು, ರೇಷ್ಮೆಹುಳು ಸಾಕುವ ಮನೆಯಿತ್ತು. ಆ ಮನೆಗೆ ಹಾವು ನುಗ್ಗಿದರೆ ಬಾಲ ಹಿಡಿದು ಬೇಲಿಯಾಚೆ ಎಸೆದು ಬಂದು, ಏನೂ ಆಗದವರಂತೆ ಮುದ್ದೆ ಮುರಿಯುತ್ತಿದ್ದರು. ಊರಿನವರು ಎದುರು ನಿಂತು ಮಾತನಾಡಲು ಅಂಜುವಂಥ ಆಳು. ಅಂಥವರು ಹೆದರುತ್ತಿದ್ದುದು ಒಂದಕ್ಕೇ, ನಾಲ್ಕು ಹಾಳೆಯ ತಮ್ಮ ಜಾತಕಕ್ಕೆ.

ಅದನ್ನು ಬರೆದವರು ಚಿಂತಾಮಣಿ ಕಡೆಯ ಒಬ್ಬ ಜೋಯಿಸರು. ಬರೆದದ್ದು ತೆಲುಗಿನಲ್ಲಿ. ಹನ್ನೆರಡಕ್ಕೆ ಪಿತೃವಿಯೋಗ ಎಂದಿತ್ತಂತೆ, ಆಯಿತು. ಇಪ್ಪತ್ತೊಂಬತ್ತಕ್ಕೆ ಕಾಲಿಗೆ ಪೆಟ್ಟು ಎಂದಿತ್ತು, ಗಾಡಿ ಮಗುಚಿ ಕಾಲು ಮುರಿಯಿತು. ಮೂವತ್ತೈದಕ್ಕೆ ಸಂತಾನನಷ್ಟ ಎಂದಿತ್ತು. ಅದೆಲ್ಲ ಬೂಟಾಟಿಕೆ ಎಂದು ದೊಡ್ಡಪ್ಪ ನಕ್ಕುಬಿಟ್ಟರು. ಆ ಆಷಾಢದಲ್ಲಿ ಅವರ ನಾಲ್ಕು ವರ್ಷದ ಮಗಳು ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಒಬ್ಬಳೇ ಮಗಳು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ, ಆ ಜಾತಕ ನೋಡಿ ದೊಡ್ಡಪ್ಪ ಇನ್ನೊಮ್ಮೆ ನಗಲೂ ಇಲ್ಲ.

ಜಾತಕವಿದ್ದ ಪೆಟ್ಟಿಗೆಯನ್ನು ನಾವು ಯಾರೂ ಮುಟ್ಟುವಂತಿರಲಿಲ್ಲ. ಅದಕ್ಕೆ ಬೀಗವೇನೂ ಇರಲಿಲ್ಲ. ಆ ಮನೆಯಲ್ಲಿದ್ದವರು ಗಂಡಹೆಂಡತಿ ಇಬ್ಬರೇ, ದೊಡ್ಡಮ್ಮನಿಗೆ ಅಕ್ಷರ ಬರದು, ಮತ್ತೆ ಬೀಗ ಯಾರಿಗಾಗಿ? ಹಿಂದೂಪುರದ ಕಡೆಯ ತವರಿನಿಂದ ಕಾರ್ಡು ಬಂದರೂ ದೊಡ್ಡಪ್ಪ ತೋಟದಿಂದ ಬರುವ ತನಕ ಅದು ಗೋಡೆಯ ಗೂಡಿನಲ್ಲೇ ಇರುತ್ತಿತ್ತು. ಅವರು ಬಂದು ಕೈಕಾಲು ತೊಳೆದು ಓದಿ ಹೇಳಬೇಕು, ಇವರು ಕಂಬಕ್ಕೊರಗಿ ಕೇಳಬೇಕು.

ಮೈಸೂರು ರಾಜ್ಯ ದೊಡ್ಡದಾಗಿ ಎರಡೋ ಮೂರೋ ವರ್ಷವಾಗಿತ್ತು. ದೊಡ್ಡಪ್ಪನಿಗೆ ಅರವತ್ತು ತುಂಬುವ ಕಾಲ ಬಂತು. ನಾನಾಗ ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಶಾಂತಿಹೋಮಕ್ಕೆ ದಿನ ಗೊತ್ತುಮಾಡೋಣವೆಂದು ನಾನು, ಚಿಕ್ಕಪ್ಪ, ಚಿಕ್ಕಮ್ಮ ಜಂಗಮಕೋಟೆಗೆ ಹೋದರೆ ದೊಡ್ಡಪ್ಪ ಬೇರೆಯದೇ ಸುದ್ದಿ ಬಿಚ್ಚಿದರು. ಅರವತ್ತು ತುಂಬುವ ದಿನವೇ, ಜನ್ಮನಕ್ಷತ್ರ ಮುಗಿಯುವುದರೊಳಗೆ, ತಮಗೆ ಮೃತ್ಯುಯೋಗವಿದೆ ಎಂದರು. ಹಾಗಾದರೆ ಹೋಮ ಮಾಡಿಸಲೇಬೇಕಲ್ಲ ಎಂದ ಚಿಕ್ಕಪ್ಪನನ್ನು ಪೆದ್ದನನ್ನು ನೋಡಿದಂತೆ ನೋಡಿದರು.

"ಊರೋರನ್ನೆಲ್ಲ ಕರೆದು, ಹೊಗೆ ಹಾಕಿ, ಹೆಸರು ಗೋತ್ರ ಕೂಗಿ, ನಾವಿಲ್ಲೇ ಇದೀವಿ ಬಾ ಅಂತ ನಾವೇ ಹೇಳೋದೇನೋ?"

ಅವರ ಉಪಾಯವೇ ಬೇರೆ. ಪಂಚಾಂಗ ಲೆಕ್ಕ ಹಾಕಿರುವುದು ಈ ದೇಶಕ್ಕೆ. ದೇಶವನ್ನೇ ಬಿಟ್ಟರೆ ಯೋಗ ಹೇಗೆ ತಗಲುತ್ತದೆ? ನಮ್ಮ ಸೋದರತ್ತೆಯ ಮಗ, ನನಗೆ ಬಾವನಾಗಬೇಕು, ಕೊಲಂಬೊದ ಸೀರೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಹುಟ್ಟಿದಹಬ್ಬ ಅವನ ಮನೆಯಲ್ಲಿ! ಭೂಗೋಳದ ಮೇಷ್ಟ್ರಾಗಿ ನಾನು ಸುಮ್ಮನಿರುವುದುಂಟೆ? ಜಂಗಮಕೋಟೆಗೂ ಕೊಲಂಬೊಗೂ ಸೂರ್ಯನ ಲೆಕ್ಕದಲ್ಲಿ ಹೆಚ್ಚೆಂದರೆ ಎಂಟು ನಿಮಿಷದ ವ್ಯತ್ಯಾಸ ಎಂದೆ.

"ಎಂಟು ನಿಮಿಷ ಸಾಕು ಕಣಪ್ಪ," ಎಂದರು. "ಎರಡು ನಿಮಿಷ ಹೆಚ್ಚುಕಮ್ಮಿ ಆಯ್ತು ಅಂತ ಆಗಿದ್ದ ಮದುವೆ ಮಾತುಗಳೇ ಮುರಿದುಹೋಗಿಲ್ವ?"

ಚಿಕ್ಕಮ್ಮ ಮೆಲ್ಲಗೆ, ಅಷ್ಟು ದೂರಕ್ಕೆ ಅಕ್ಕ ಯಾಕೆ, ಅವರು ಮನೆಯಲ್ಲಿ ಹುಳು ನೋಡಿಕೊಂಡಿರಲಿ ಎಂದರು. ದೊಡ್ಡಪ್ಪನ ಮುಖ ಕಪ್ಪಿಟ್ಟಿತು. ಅವಳು ಬರದಿದ್ದರೆ ತಾನೂ ಹೊರಡುವುದಿಲ್ಲ, ಇಲ್ಲೇ ಸಾಯುತ್ತೇನೆ ಎಂದುಬಿಟ್ಟರು. ದೊಡ್ಡಮ್ಮ ಕಂಬಕ್ಕೊರಗಿ ಎಲ್ಲ ಕೇಳುತ್ತಿದ್ದವರು, ಬರ್ತೀನಿ ಅಂತ ಹೇಳಪ್ಪ ಎಂದು ನನ್ನ ಮೂಲಕ ಹೇಳಿಸಿದರು.

ಕಾಗದಪತ್ರ ಮಾಡಿಸಿಕೊಂಡು ಐದು ಜನ ಹೊರಟೆವು. ಶಿಡ್ಲಘಟ್ಟದ ಪುಟ್ಟ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ಮದರಾಸು, ಅಲ್ಲಿಂದ ಧನುಷ್ಕೋಟಿ, ಆಮೇಲೆ ಹಡಗು. ಹುಟ್ಟಿದಹಬ್ಬಕ್ಕೆ ಹೊರಟವರ ಕಳೆ ಯಾರ ಮುಖದಲ್ಲಿತ್ತು ಹೇಳಿ? ಚಿಕ್ಕಪ್ಪ ಒಂದು ಗಂಗೆಯ ಗಿಂಡಿ ಹಿಡಿದಿದ್ದರು. ಚಿಕ್ಕಮ್ಮ ಒಣಗಿದ ತುಳಸಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದರು. ದಾರಿಯಲ್ಲಿ ತಪಾಸಣೆಯ ಅಧಿಕಾರಿ ಗಿಂಡಿಯಲ್ಲೇನಿದೆ ಎಂದು ಕೇಳಿದಾಗ ಚಿಕ್ಕಪ್ಪ ಪಕ್ಕದಲ್ಲೇ ನಿಂತಿದ್ದ ದೊಡ್ಡಪ್ಪನ ಕಡೆ ಕೈ ತೋರಿಸಿ, ಕೊನೆಯಲ್ಲಿ ಇವರ ಬಾಯಿಗೆ ಬಿಡಲಿಕ್ಕೆ ಎಂದರು! ಅಧಿಕಾರಿ ದೊಡ್ಡಪ್ಪನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಸಿಲೋನಿಗೆ ಹೋಗುವ ಉದ್ದೇಶವೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಅದನ್ನು ದೊಡ್ಡಪ್ಪನಿಗೆ ಕನ್ನಡದಲ್ಲಿ ಹೇಳಿದೆ.

"ಬದುಕಕ್ಕೆ ಅಂತ ಬರ್ಕೊಳ್ಳಕ್ಕೆ ಹೇಳು," ಎಂದರು ದೊಡ್ಡಪ್ಪ.

ಬಂಧುಗಳ ಭೇಟಿ ಎಂದು ನಾನು ಬರೆಸಿದೆ.

ಹಡಗಿನಲ್ಲಿ ಅವರು ಮಾಡಿದ ಅವಾಂತರ ಒಂದೇ ಎರಡೇ? ದೊಡ್ಡಮ್ಮನಿಗೆ ಸಮುದ್ರ ನೋಡುವ ಆಸೆ. ಹಡಗಿನ ಅಂಚಿನ ಕಂಬಿಯ ಹತ್ತಿರ ಹೋಗಲು ದೊಡ್ಡಪ್ಪ ಬಿಡಲಿಲ್ಲ. ತಮ್ಮ ಅಂಗವಸ್ತ್ರದ ತುದಿಗೂ ಅವರ ಸೆರಗಿಗೂ ಗಂಟು ಹಾಕಿ ನಡುವಿನ ಬೆಂಚಿನ ಮೇಲೆ ಕೂರಿಸಿಕೊಂಡರು. ಇದೇನು ಅರವತ್ತಕ್ಕೆ ಇನ್ನೊಂದು ಮದುವೆಯೋ ಎಂದು ಕೇಳಿದರೆ, ನನಗೆ ತಲೆ ಸುತ್ತಿದರೆ ಇವಳು ಹಿಡಿದುಕೊಳ್ಳುತ್ತಾಳೆ ಎಂದರು. ಎಂಬತ್ತು ಸೇರಿನ ಆಳು ಬಿದ್ದರೆ ಕಡ್ಡಿಯಂಥ ದೊಡ್ಡಮ್ಮ ಹಿಡಿಯುವುದಂತೆ! ಕಾಫಿ ಬಂದರೆ ಮೊದಲು ದೊಡ್ಡಮ್ಮನ ಲೋಟದಿಂದ ಎರಡು ಗುಟುಕು ತಾವು ಕುಡಿದೇ ಕೊಡುತ್ತಿದ್ದರು. ಸಾಯುವಾಗಲೂ ಈ ಮನುಷ್ಯನಿಗೆ ಜಿಪುಣತನ ಬಿಡಲಿಲ್ಲವಲ್ಲ ಎಂದು ಚಿಕ್ಕಮ್ಮ ನನ್ನ ಕಿವಿಯಲ್ಲಿ ಗೊಣಗಿದರು.

ಎಲ್ಲಕ್ಕಿಂತ ತಮಾಷೆಯೆಂದರೆ ನಾಡಿ ನೋಡುವುದು. ಗಂಟೆಗೊಮ್ಮೆ ದೊಡ್ಡಪ್ಪ "ಒಸೇ, ಕೈ ಇಲ್ಲಿ ತಾ" ಎಂದು ಹೆಂಡತಿಯ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿ ಕೂರುವರು. ಆಮೇಲೆ ತಮ್ಮದನ್ನು ಒಂದು ಗಳಿಗೆ ಹಿಡಿದಂತೆ ಮಾಡಿ ಬಿಡುವರು. ಸಾಯುವ ಯೋಗ ನಿಮಗಿರುವಾಗ ಅವರ ನಾಡಿಯೇಕೆ ಎಂದು ನಾನು ಕೇಳಿದ್ದಕ್ಕೆ, ಅವಳದು ಗಟ್ಟಿ ನಾಡಿ, ಅದರ ಜೊತೆ ಹೋಲಿಸಿದರೆ ತಮ್ಮದು ಎಷ್ಟು ಕುಂದಿದೆ ಎಂದು ತಿಳಿಯುತ್ತದೆ ಎಂದರು. ತರ್ಕ ಸರಿಯಾಗಿಯೇ ಇತ್ತು, ನಾನು ಒಪ್ಪಿಕೊಂಡೆ.

ಕೊಲಂಬೊದ ಬಾವನ ಮನೆ ಸೇರಿದೆವು, ಆ ದಿನ ಬಂತು. ನಕ್ಷತ್ರ ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಮುಗಿಯುತ್ತಿತ್ತು. ನನ್ನ ಎಂಟು ನಿಮಿಷವನ್ನೂ ಸೇರಿಸಿ ನಾಲ್ಕು ಇಪ್ಪತ್ತರವರೆಗೆ ಕಾಯಬೇಕೆಂದು ದೊಡ್ಡಪ್ಪ ಅಪ್ಪಣೆ ಮಾಡಿದರು. ಬೆಳಗಿನಿಂದ ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತೆವು. ದೊಡ್ಡಮ್ಮ ಮಿಂದು ತಲೆ ತುಂಬ ಹೂ ಮುಡಿದು ತಮ್ಮ ಧಾರೆ ಸೀರೆ ಉಟ್ಟು ಬಂದು ಗಂಡನ ಪಕ್ಕ ಕುಳಿತರು. ನಲವತ್ತು ವರ್ಷದ ಹಿಂದಿನ ಸೀರೆ. ಈ ಸೂತಕದಂಥ ಮನೆಯಲ್ಲಿ ಇವರೊಬ್ಬರಿಗಾದರೂ ಇದು ಹುಟ್ಟಿದಹಬ್ಬವೆಂದು ನೆನಪಿದೆಯಲ್ಲ ಎಂದು ನನಗೆ ಸಮಾಧಾನವಾಯಿತು.

ಯೋಗದ ವಿಷಯ ಬಾವನಿಗೆ ನಾವು ತಿಳಿಸಿರಲಿಲ್ಲ. ಅವನು ಮೂರೂವರೆಗೆ ಅಂಗಡಿಯಿಂದ ಬರುವಾಗ ಕೇಕು ಹಿಡಿದು ತಂದ! ಹತ್ತು ವರ್ಷಕ್ಕೊಂದರಂತೆ ಆರು ಮೇಣದ ಬತ್ತಿ ನೆಟ್ಟು, ಹಚ್ಚಿ, "ಮಾವ, ಉಫ್ ಅಂತ ಊದಿ ಆರಿಸ್ಬಿಡಿ" ಎಂದ. ಚಿಕ್ಕಮ್ಮ ಸೆರಗಿನ ತುಳಸಿಗೆ ಕೈ ಹಾಕಿದರು. ಚಿಕ್ಕಪ್ಪ ಗಿಂಡಿಯ ಬಾಯಿ ಬಿಚ್ಚಿದರು. ಇಂಥ ದಿನ ಉರಿಯುವ ದೀಪವನ್ನು ಕೈಯಾರೆ ಆರಿಸುವುದೇ? ದೊಡ್ಡಪ್ಪ ಎದ್ದು ಕಿಟಕಿಗಳನ್ನೆಲ್ಲ ಮುಚ್ಚಿಸಿ, ಸಮುದ್ರದ ಗಾಳಿ ತಾಗದಂತೆ ಎರಡು ಅಂಗೈಗಳನ್ನೂ ಬತ್ತಿಗಳ ಸುತ್ತ ಹಿಡಿದು ನಿಂತರು. ನಾವು ಬೆವರುತ್ತಾ, ಉಸಿರನ್ನೂ ಪಕ್ಕಕ್ಕೆ ತಿರುಗಿ ಬಿಡುತ್ತಾ ಆ ಆರು ಬತ್ತಿಗಳನ್ನು ಕಾದೆವು. ಹುಟ್ಟಿದಹಬ್ಬದಲ್ಲಿ ಹೆಣ ಕಾಯುವವರಂತೆ ಕುಳಿತವರು ಲೋಕದಲ್ಲಿ ನಾವೇ ಇರಬೇಕು. ನಾಲ್ಕಕ್ಕೆ ಬತ್ತಿಗಳು ತಾವಾಗಿಯೇ ಕರಗಿ ಆರಿದವು. ದೊಡ್ಡಪ್ಪ ಕುಸಿದು ಕುಳಿತು ದೊಡ್ಡಮ್ಮನ ಮಣಿಕಟ್ಟು ಹಿಡಿದರು, ಬಿಡಲಿಲ್ಲ.

ನಾಲ್ಕು ಇಪ್ಪತ್ತಾಯಿತು ಎಂದು ನಾನೇ ಹೇಳಿದೆ. ದೊಡ್ಡಪ್ಪ ಗಡಿಯಾರವನ್ನು ತಾವೇ ನೋಡಿದರು. ಆಮೇಲೆ ಮೇಣ ಮೆತ್ತಿದ ಕೇಕನ್ನು ಮೇಣದ ಸಮೇತ ತಿನ್ನತೊಡಗಿದರು. ಚಿಕ್ಕಪ್ಪ ಗಿಂಡಿ ಹಿಡಿದು, ಈಗ ಇದನ್ನೇನು ಮಾಡಲಿ ಎಂದು ಕೇಳಿದಾಗ, ಇಟ್ಟುಕೋ, ನಿನಗೂ ಅರವತ್ತಾಗುತ್ತದೆ ಎಂದರು. ದೊಡ್ಡಮ್ಮ, ಸೀರೆ ಬದಲಾಯಿಸಿ ಬರ್ತೀನಿ ಎಂದು ಒಳಗೆ ಹೋದರು.

ಇಷ್ಟೇ ಕಥೆ. ಇಷ್ಟನ್ನೇ ಉಪ್ಪುಖಾರ ಹಚ್ಚಿ ನಾನು ಏಳು ವರ್ಷ ಹೇಳಿದೆ, ಜನ ನಕ್ಕರು. ದೊಡ್ಡಪ್ಪನ ಎದುರಿಗೇ ಹೇಳಿದ್ದೇನೆ. ಅವರೂ ಎಲ್ಲರ ಜೊತೆ ನಗುತ್ತಿದ್ದರು.

ಅರವತ್ತೇಳನೆಯ ವರ್ಷ ಅವರಿಗೆ ಜ್ವರ ಬಂತು. ವಿಚಿತ್ರವೆಂದರೆ ಆ ವರ್ಷ ಅವರು ಎಲ್ಲಿಗೂ ಓಡಲಿಲ್ಲ. ಜಾತಕದ ಮಾತೆತ್ತಲಿಲ್ಲ, ನಾಡಿ ನೋಡಿಕೊಳ್ಳಲಿಲ್ಲ. ತೋಟಕ್ಕೆ ಹೊಸ ಕಡ್ಡಿ ನೆಡಿಸಿ, ಯಾವ ಸಾಲಿಗೆ ಯಾವತ್ತು ನೀರು ಕಟ್ಟಬೇಕೆಂದು ದೊಡ್ಡಮ್ಮನಿಗೆ ಹೇಳಿ, ಮಲಗಿದಲ್ಲೇ ಹೋದರು. ಚಿಕ್ಕಪ್ಪನ ಗಿಂಡಿಗೆ ಆಗ ಕೆಲಸ ಬಂತು.

ಹೋದವರ ಜಾತಕವನ್ನು ಮನೆಯಲ್ಲಿಟ್ಟುಕೊಳ್ಳಬಾರದು, ನೀರಿಗೆ ಬಿಡಬೇಕೆಂದು ಹದಿಮೂರನೆಯ ದಿನ ದೊಡ್ಡಮ್ಮ ಪೆಟ್ಟಿಗೆಯಿಂದ ಅದನ್ನು ತೆಗೆದುಕೊಟ್ಟರು. ನಮ್ಮ ಕಡೆಯವರೆಲ್ಲರಂತೆ ನನಗೂ ತೆಲುಗು ಓದಲು ಬರುತ್ತದೆ. ಆ ಸುಳ್ಳಾದ ಮೃತ್ಯುಯೋಗವನ್ನು ಜೋಯಿಸರು ಹೇಗೆ ಬರೆದಿದ್ದರೋ ನೋಡೋಣವೆಂದು ಹಾಳೆ ಬಿಡಿಸಿದೆ. ಆಯುಸ್ಸು ಅರವತ್ತೇಳು ಎಂದಿತ್ತು. ಅರವತ್ತು ತುಂಬುವ ದಿನದ ಸಾಲು ಬೇರೆಯಾಗಿಯೇ ಇತ್ತು. ಅಂದು ಕಳತ್ರನಷ್ಟ. ಕಳತ್ರವೆಂದರೆ ಹೆಂಡತಿ.

ಏನು ಬರೆದಿದೆಯಪ್ಪ ಎಂದು ದೊಡ್ಡಮ್ಮ ಕೇಳಿದರು. ಅವರಿಗೇ ಮೃತ್ಯುಯೋಗ ಎಂದು ಬರೆದಿದೆ ದೊಡ್ಡಮ್ಮ, ಸುಳ್ಳಾಯಿತಷ್ಟೆ ಎಂದೆ.

"ನೀನೂ ಅವರ ಹಾಗೇ ಓದ್ತೀಯ," ಎಂದರು. "ತವರಿನ ಕಾರ್ಡು ಬಂದ್ರೆ ಕೆಟ್ಟದ್ದೆಲ್ಲ ಬಿಟ್ಟು ಓದೋರು. ಅವರು ಬರೋದರೊಳಗೆ ನಾನು ಓದ್ಕೊಂಡಿರ್ತಿದ್ದೆ. ಚಿಕ್ಕೋಳಿದ್ದಾಗ್ಲೇ ನಮ್ಮಣ್ಣ ಅಕ್ಷರ ಕಲಿಸಿದ್ದ. ಇದನ್ನೂ ಓದಿದ್ದೆ, ಸಿಲೋನಿಗೆ ಹೊರಡೋಕೆ ಮುಂಚೇನೇ."

ನಾನು ಅವರ ಮುಖ ನೋಡಲಾರದೆ ಹೋದೆ. ಕಂಬಿಯ ಹತ್ತಿರ ಬಿಡದಿದ್ದುದು, ಸೆರಗಿನ ಗಂಟು, ಅವರ ಲೋಟದಿಂದ ಕುಡಿದ ಎರಡು ಗುಟುಕು, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಏಳು ವರ್ಷ ನಾನು ಯಾರನ್ನು ನೋಡಿ ನಗುತ್ತಿದ್ದೆ? ಆ ದಿನ ಧಾರೆ ಸೀರೆ ಏಕೆ ಉಟ್ಟಿದ್ದಿರಿ ಎಂದು ಮಾತ್ರ ಕೇಳಿದೆ.

"ಪರದೇಶ ಅಲ್ವೇನಪ್ಪ. ಅಲ್ಲಿ ಪೆಟ್ಟಿಗೆ ಹುಡುಕಿ ನನಗೆ ಸೀರೆ ಉಡಿಸೋರು ಯಾರು? ನಿಮಗೆಲ್ಲ ತೊಂದರೆ ಬೇಡ ಅಂತ ಉಟ್ಕೊಂಡೇ ಕೂತಿದ್ದೆ."

ಗೊತ್ತಿದ್ದೂ ಹೋದಿರಾ, ಒಂದು ಮಾತೂ ಹೇಳಲಿಲ್ಲವಲ್ಲ ಎಂದು ನಾನು ಅತ್ತುಬಿಟ್ಟೆ. ದೊಡ್ಡಮ್ಮ ಜಾತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಹಳೆಯ ಮಡಿಕೆಗಳ ಮೇಲೇ ಮೆಲ್ಲಗೆ ಮಡಿಸಿದರು.

"ಅವರು ಬಹಳ ಹೆದರ್ಕೊಂಡಿದ್ರು ಕಣಪ್ಪ. ಗಂಟೆಗೊಂದು ಸಲ ನನ್ನ ಕೈ ಹಿಡ್ಕೊಳ್ಳೋರಲ್ಲ, ಅವರ ಕೈಯೇ ಅಷ್ಟು ನಡುಗ್ತಿತ್ತು. ಅದರಲ್ಲಿ ನನ್ನ ನಾಡಿ ಅವರಿಗೆಲ್ಲಿ ಸಿಗಬೇಕು, ಪಾಪ."