ನಿಂತ ಲಾರಿಯಲ್ಲಿ ನಾನು ಮಾಡಿದ ಅಪಘಾತ

ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಸುರಕ್ಷತಾ ಅಧಿಕಾರಿ. ಕಂಪನಿಗೆ ಸ್ವಂತ ಲಾರಿಗಳಿವೆ. ಬಟ್ಟೆ ತುಂಬಿದ ಪೆಟ್ಟಿಗೆಗಳನ್ನು ಹೊತ್ತು ತೂತ್ತುಕುಡಿ ಬಂದರಿಗೂ ಮುಂಬಯಿಗೂ ಹೋಗುತ್ತವೆ. ಆ ಲಾರಿಗಳ ಡ್ರೈವರುಗಳು ನಿಯಮ ಮೀರದಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಾನೇನೂ ಲಾರಿ ಓಡಿಸಿದವನಲ್ಲ. ಆದರೆ ತುಮಕೂರಿನಲ್ಲಿ ಸೈಕಲ್ ಕಲಿತ ದಿನದಿಂದ ಇವತ್ತಿನವರೆಗೆ ಒಂದು ಕೈ ಬಿಟ್ಟು ತುಳಿದವನೂ ಅಲ್ಲ. ನಿಯಮಪಾಲನೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ನಂಬಿಕೆ ನನಗಿತ್ತು. ಇತ್ತು ಎಂದೆ, ದಯವಿಟ್ಟು ಗಮನಿಸಿ!

ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೀಗಿರುವಾಗ ನಮ್ಮ ಮ್ಯಾನೇಜರ್ ಮೇಡಂ ನನ್ನನ್ನು ಕರೆದು, "ಸಾರ್, ಈ ಸಲದ ಸುರಕ್ಷತಾ ಸಪ್ತಾಹ ನಿಮ್ಮ ಪೊರುಪ್ಪು. ಚೆನ್ನಾಗಿ ಮಾಡಿದರೆ ಮಾರನೇ ದಿನವೇ ಕಾಯಂ ಆರ್ಡರು," ಎಂದರು. ಪೊರುಪ್ಪು ಎಂದರೆ ತಮಿಳಿನಲ್ಲಿ ಜವಾಬ್ದಾರಿ. ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ.

ತೊಂದರೆ ಒಂದೇ. ನಾನು ಭಾಷಣ ಮಾಡಿದರೆ ಡ್ರೈವರುಗಳು ಮಲಗುತ್ತಾರೆ. ಹಿಂದಿನ ತಿಂಗಳು 'ನಿದ್ದೆಗಣ್ಣಿನಲ್ಲಿ ವಾಹನ ಚಾಲನೆಯ ಅಪಾಯಗಳು' ಎಂಬ ವಿಷಯವನ್ನು ನನ್ನ ಹರುಕು ತಮಿಳಿನಲ್ಲಿ ವಿವರಿಸುವಾಗ ಹನ್ನೊಂದು ಮಂದಿ ಗೊರಕೆ ಹೊಡೆದಿದ್ದರು. ಹೀಗಾಗಿ ಒಬ್ಬ ಮುಖ್ಯ ಅತಿಥಿ ಬೇಕಾಗಿತ್ತು. ದಾರಿ ತೋರಿಸಿದವಳು ನನ್ನ ಹೆಂಡತಿ ಭುವನಾ.

"ಅಪ್ಪನ್ನ ಕರೀರಿ. ನಲ್ವತ್ತು ವರ್ಷ ಲಾರಿ ಓಡಿಸಿದ್ದಾರೆ. ಒಂದು ಕೋಳೀನೂ ಇಡಿಸಿಲ್ಲ!" ಇಡಿಸುವುದು ಎಂದರೆ ಅವರ ಮನೆಮಾತಿನಲ್ಲಿ ಗುದ್ದುವುದು.

ಭುವನಾಳ ಮನೆಯವರು ಕೊಯಮತ್ತೂರಿನಲ್ಲಿ ತಲೆಮಾರುಗಳಿಂದ ನೆಲೆಸಿದ ಕನ್ನಡಿಗರು, ಮೂಲದಲ್ಲಿ ನೇಕಾರರು. ಮಾವ ರಂಗಸಾಮಿಯವರು ಮಾತ್ರ ಮಗ್ಗ ಬಿಟ್ಟು ಸ್ಟೇರಿಂಗ್ ಹಿಡಿದವರು. ಹುಬ್ಬಳ್ಳಿ, ದಾವಣಗೆರೆಯಿಂದ ಇಲ್ಲಿನ ಮಿಲ್ಲುಗಳಿಗೆ ಹತ್ತಿ ತರುತ್ತಿದ್ದವರು. ಈಗ ಎಪ್ಪತ್ತೆರಡು ವರ್ಷ. ಶಾಂತ ಮುಖ, ಬಿಳಿ ಪಂಚೆ, ಹಣೆಗೆ ವಿಭೂತಿ. ಇಂಥವರು ಬಂದು ನಾಲ್ಕು ಬುದ್ಧಿಮಾತು ಹೇಳಿದರೆ ಯಾವ ಡ್ರೈವರ್ ತಾನೇ ಕೇಳುವುದಿಲ್ಲ? ತಕ್ಷಣವೇ 'ನಲವತ್ತು ವರ್ಷ ಅಪಘಾತವಿಲ್ಲದ ಮಹನೀಯರು' ಎಂದು ಆಹ್ವಾನಪತ್ರಿಕೆ ಅಚ್ಚು ಹಾಕಿಸಿದೆ. ಅವರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು ಎಂದು ಹೊಳೆಯಲಿಲ್ಲ.

ಭಾಷಣವನ್ನೂ ನಾನೇ ಬರೆದುಕೊಟ್ಟೆ. ಭಾಷೆ ತಮಿಳು, ಆದರೆ ನನಗೆ ತಮಿಳು ಬರೆಯಲು ಬಾರದು. ಆದ್ದರಿಂದ ತಮಿಳನ್ನೇ ಕನ್ನಡ ಅಕ್ಷರದಲ್ಲಿ ನಾಲ್ಕು ಪುಟ ಬರೆದೆ. ಮಾವ ಹಾಳೆಗಳನ್ನು ಮೇಲಿನಿಂದ ಕೆಳಗೆ ನೋಡಿ ಕಣ್ಣಿಗೊತ್ತಿಕೊಂಡರು.

"ಎಷ್ಟು ಅಳಗಾ ಬರೆದಿದ್ದೀರ ಮಾಪಿಳ್ಳೆ! ಮುತ್ತು ಪೋಣಿಸಿದಂಗೈತೆ."

ಮಾಪಿಳ್ಳೆ ಎಂದರೆ ಅಳಿಯ. ಅಳಿಯ ಉಬ್ಬಿಹೋದ.

"ಒಂದು ಸಲ ಓದಿ ನೋಡ್ತೀರಾ ಮಾವ?"

"ಕವಲೆ ಬೇಡ, ಯೋಚನೆ ಬಿಡಿ. ನಾ ನೋಡ್ಕೊತೀನಿ."

ಆ ದಿನ ಬಂತು. ಲಾರಿಗಳು ನಿಲ್ಲುವ ಯಾರ್ಡಿನಲ್ಲಿ ಶಾಮಿಯಾನ, ವೇದಿಕೆ, ಹಿಂದೆ 'ಸುರಕ್ಷತೆಯೇ ಮೊದಲು' ಎಂಬ ಬ್ಯಾನರು. ವೇದಿಕೆಯ ಎದುರಿಗೆ ಸ್ವಲ್ಪ ಎತ್ತರದಲ್ಲಿ ಹೊಸ ಲಾರಿಯೊಂದನ್ನು ತಂದು ನಿಲ್ಲಿಸಿದ್ದೆ. ಅದರೊಳಗೆ ಡ್ರೈವರ್ ಕಣ್ಣು ಮುಚ್ಚಿದರೆ ಕೂಗಿಕೊಳ್ಳುವ ಕ್ಯಾಮೆರಾ ಇದೆ. ಅದನ್ನು ಎಲ್ಲರಿಗೂ ತೋರಿಸಲೆಂದು ಕೀಲಿ ತಿರುಗಿಸಿಟ್ಟಿದ್ದೆ. ಲಾರಿಗೆ ಚೆಂಡುಹೂವಿನ ಹಾರವನ್ನೂ ಹಾಕಿಸಿದ್ದೆ. ಚಕ್ರಕ್ಕೆ ಅಡ್ಡ ಇಟ್ಟಿದ್ದ ಎಣ್ಣೆ ಜಿಡ್ಡಿನ ಮರದ ತುಂಡುಗಳು ಮಾತ್ರ ಫೋಟೋದಲ್ಲಿ ಅಸಹ್ಯವಾಗಿ ಕಾಣುತ್ತಿದ್ದವು. ಅವನ್ನು ತೆಗೆಸಿಬಿಟ್ಟೆ. ತೆಗೆಸಿದ್ದು ಯಾರು? ಸುರಕ್ಷತಾ ಅಧಿಕಾರಿ!

ಮಾವ ಮೈಕಿನ ಮುಂದೆ ನಿಂತು ನನ್ನ ಹಾಳೆಗಳನ್ನು ತೆಗೆದರು. ಹಿಡಿದಿದ್ದು ತಲೆಕೆಳಗಾಗಿ. ಒಂದು ಕ್ಷಣ ನೋಡಿದರು, ಮಡಚಿ ಜೇಬಿಗಿಟ್ಟುಕೊಂಡರು.

ನಾನು ಪಕ್ಕದಲ್ಲಿದ್ದ ಭುವನಾಳ ಕಿವಿಯಲ್ಲಿ, "ಯಾಕೆ ಓದ್ತಿಲ್ಲ?" ಎಂದೆ.

"ಯಾವ ಅಕ್ಷರದಲ್ಲಿ ಬರೆದಿರಿ?"

"ಕನ್ನಡದಲ್ಲಿ."

"ಅಯ್ಯೋ! ಅಪ್ಪಂಗೆ ಕನ್ನಡ ಓದೋಕೆ ಬರಲ್ಲ ರೀ!"

"ಮನೇಲಿ ದಿನವಿಡೀ ಕನ್ನಡ ಮಾತಾಡ್ತಾರಲ್ಲೇ?"

"ಮಾತಾಡ್ತಾರೆ. ಓದಿದ್ದು ತಮಿಳು ಸ್ಕೂಲಲ್ಲಿ. ನಂಗೂ ಬರಲ್ಲ."

"ನಿನಗೂ ಬರಲ್ವಾ? ಮೂರು ವರ್ಷದಿಂದ ಫ್ರಿಜ್ ಮೇಲೆ ಚೀಟಿ ಬರೆದು ಅಂಟಿಸ್ತಿದ್ದೀನಲ್ಲ!"

"ಪಾವಂ, ಆಸೆಯಿಂದ ಬರೀತೀರ. ಮನಸ್ಸು ನೋಯಬಾರದು ಅಂತ ಸುಮ್ಮನಿದ್ದೆ."

ಮೂರು ವರ್ಷದ ದಾಂಪತ್ಯದ ಬುಡವೇ ಅಲ್ಲಾಡಿತು! ಅದರ ಬಗ್ಗೆ ಕೊರಗಲು ಪುರಸೊತ್ತು ಸಿಗಲಿಲ್ಲ, ಏಕೆಂದರೆ ಮಾವ ಶುರುಮಾಡಿದ್ದರು. ಅವರು ತಮಿಳಿನಲ್ಲಿ ಹೇಳಿದ್ದನ್ನು ನಾನಿಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ನಡುಕ ಮಾತ್ರ ನನ್ನ ಸ್ವಂತದ್ದು.

"ತಂಬಿಗಳಾ, ನಾನು ಲಾರಿ ಓಡಿಸೋಕೆ ಶುರುಮಾಡಿ ಆರು ವರ್ಷ ಆದಮೇಲೆ ಲೈಸೆನ್ಸ್ ತಗೊಂಡೆ."

ಚಪ್ಪಾಳೆ! ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವನು ಎದ್ದು ಕುಳಿತ.

"ಆಗ ಬೆಲ್ಟ್ ಇರಲಿಲ್ಲ. ಬಾಗಿಲೇ ಸರಿಯಾಗಿ ಇರುತ್ತಿರಲಿಲ್ಲ, ಬೆಲ್ಟ್ ಎಲ್ಲಿಂದ ಬರಬೇಕು? ದಿಂಬಂ ಘಾಟಿನಲ್ಲಿ ಡೀಸೆಲ್ ಉಳಿಸಲು ಗೇರು ತೆಗೆದು ಹಾಗೇ ಇಳಿಸುತ್ತಿದ್ದೆವು. ಬ್ರೇಕ್ ಹಿಡಿದರೆ ಆಂಜನೇಯ ಹಿಡಿದ ಹಾಗೆ. ಹಿಡಿಯದಿದ್ದರೂ ಅವನೇ ಹಿಡಿಯಬೇಕು. ಹತ್ತಿ ಮೂಟೆಯ ಮೇಲೆ ಇಪ್ಪತ್ತು ಜನ ಕೂರುತ್ತಿದ್ದರು. ಟೈರಿನಡಿ ನಿಂಬೆಹಣ್ಣು ಇಟ್ಟರೆ ಮುಗೀತು. ಅದೇ ಇನ್ಶೂರೆನ್ಸು!"

ಡ್ರೈವರುಗಳು ಶಿಳ್ಳೆ ಹೊಡೆದರು. ಮೇಡಂ ಆಹ್ವಾನಪತ್ರಿಕೆಯನ್ನು ಇನ್ನೊಮ್ಮೆ ಓದಿ ನನ್ನ ಕಡೆ ನೋಡಿದರು. ನಾನು ಬ್ಯಾನರಿನ ಕಡೆ ನೋಡಿದೆ.

"ನಾನೂ ಸುಬ್ಬಣ್ಣನೂ ಜೋಡಿ. ಊಟಕ್ಕೆ ಬಿಟ್ಟರೆ ಲಾರಿ ನಿಲ್ಲಿಸುತ್ತಿರಲಿಲ್ಲ. ಒಬ್ಬನಿಗೆ ಸಾಕಾದರೆ ಇನ್ನೊಬ್ಬ. ಓಡುವ ಲಾರಿಯಲ್ಲೇ ಸೀಟು ಬದಲಾವಣೆ! ಆಕ್ಸಿಲರೇಟರ್ ಮೇಲೊಂದು ಕಲ್ಲು ಇಡುವುದು, ಇವನು ಏಳುವುದು, ಅವನು ಬೆನ್ನ ಹಿಂದೆ ನುಸುಳುವುದು. ಮೂರು ಎಣಿಸುವಷ್ಟರಲ್ಲಿ ಕೆಲಸ ಮುಗೀತು."

ನಾನು ಈ ಮನುಷ್ಯನ ಮಗಳನ್ನು ಮದುವೆಯಾಗಿದ್ದೇನೆ!

"ಹೇಗೆ ಅಂತ ಮಾಡಿ ತೋರಿಸಿ ತಾತಾ!" ಎಂದು ಯಾರೋ ಕೂಗಿದರು. ಮಾವ ಆಗಲೇ ಪಂಚೆ ಎತ್ತಿ ಕಟ್ಟಿದ್ದರು. "ನಿಂತ ಲಾರಿ ತಾನೇ! ಮಾಪಿಳ್ಳೆ, ನೀವು ಸುಬ್ಬಣ್ಣ ಆಗಿ."

ನಾನು ಆಗಬಾರದಿತ್ತು. ಆದರೆ ನೂರು ಜನ ಚಪ್ಪಾಳೆ ತಟ್ಟುವಾಗ ಯಾವ ಅಳಿಯ ಹಿಂದೆ ಸರಿದಾನು? ಮಾವ ಡ್ರೈವರ್ ಸೀಟಿನಲ್ಲಿ ಕುಳಿತರು. ನಾನು ಎಡಗಡೆ ಕುಳಿತು, ಎಲ್ಲರಿಗೂ ಮಾದರಿಯಾಗಲೆಂದು ಸೀಟ್ ಬೆಲ್ಟ್ ಬಿಗಿದುಕೊಂಡೆ. ಡ್ರೈವರುಗಳೆಲ್ಲ ಲಾರಿಯ ಎರಡೂ ಬದಿಗೆ ಮುತ್ತಿಕೊಂಡರು. ಮೇಡಂ ಕೂಡ ಕುರ್ಚಿ ಬಿಟ್ಟು, ಇದನ್ನು ನಿಲ್ಲಿಸಲೋ ನೋಡಲೋ ತಿಳಿಯದು, ವೇದಿಕೆಯಿಂದ ಇಳಿದು ಬಂದರು.

ಮಾವ ಎದ್ದು ಬಾಗಿಲ ಕಡೆ ವಾಲಿದರು. "ಈಗ ನುಸುಳಿ!"

ನುಸುಳಿದೆ. ಬೆಲ್ಟ್ ನುಸುಳಲು ಬಿಡಲಿಲ್ಲ! ಬಿಚ್ಚಿಕೊಳ್ಳುವುದನ್ನು ಮರೆತಿದ್ದೆ. ಜಗ್ಗಿದಷ್ಟೂ ಅದು ಬಿಗಿಯಿತು. ಒಂದು ಕಾಲು ಗೇರಿನಾಚೆ, ಒಂದು ಕಾಲು ಈಚೆ, ತಲೆ ಮಾವನ ಕಂಕುಳಲ್ಲಿ. ಒದ್ದಾಡುವಾಗ ನನ್ನ ಮೊಣಕಾಲು ಹ್ಯಾಂಡ್ ಬ್ರೇಕಿನ ಹಿಡಿಗೆ ಬಡಿಯಿತು. ಪುಸ್ಸ್! ಬ್ರೇಕ್ ಬಿಟ್ಟುಕೊಂಡ ಗಾಳಿಯ ಸದ್ದು. "ಡ್ರೈವರ್, ರಸ್ತೆಯ ಮೇಲೆ ಗಮನವಿಡಿ!" ಎಂದು ಕ್ಯಾಮೆರಾ ತಮಿಳಿನಲ್ಲಿ ಕೂಗಿಕೊಂಡಿತು.

ಲಾರಿ ಹೊರಟಿತು.

ಡ್ರೈವರೂ ಇಲ್ಲ, ಚಕ್ರದ ಮುಂದೆ ತಡೆಯೂ ಇಲ್ಲ, ಮುಂದೆ ಇಳಿಜಾರು. ಜನ ಕಿರುಚಿದರು. ಗಾಜಿನಾಚೆ ವೇದಿಕೆ ದೊಡ್ಡದಾಗುತ್ತಾ ಬಂತು. ಮಾವ ಹೇಗೋ ಕಾಲು ಚಾಚಿ ಬ್ರೇಕ್ ತುಳಿಯುವಷ್ಟರಲ್ಲಿ 'ಸುರಕ್ಷತೆಯೇ ಮೊದಲು' ಬ್ಯಾನರ್ ಇಡೀ ಗಾಜನ್ನು ಮುಚ್ಚಿಕೊಂಡಿತು. ಲಾರಿಯ ಕೆಳಗೆ ಏನೋ ಪಟಪಟ ಮುರಿಯಿತು.

ಇಳಿದು ನೋಡಿದೆ. ಮೇಡಂ ಕುಳಿತಿದ್ದ ಕುರ್ಚಿ ಮುಂಚಕ್ರದಡಿ ಚೂರಾಗಿತ್ತು. ಅವರು ಎದ್ದು ಬಂದು ಒಂದು ನಿಮಿಷವೂ ಆಗಿರಲಿಲ್ಲ. ನೂರು ಜನರಲ್ಲಿ ಒಬ್ಬರೂ ನಗಲಿಲ್ಲ.

ಮಾವನ ಮುಖ ಬಿಳಚಿಕೊಂಡಿತ್ತು. ಮೈಕಿಲ್ಲದೆ, ಲಾರಿಯ ಮೆಟ್ಟಿಲ ಮೇಲೆ ಕುಳಿತೇ ಹೇಳಿದರು.

"ನಾನು ಅರ್ಧ ಕತೆ ಹೇಳಿದೆ ತಂಬಿಗಳಾ. ಯಾವಾಗಲೂ ಅರ್ಧವೇ ಹೇಳೋದು. ಮದುಕ್ಕರೈ ದಾಟಿ ಹೋಗುವಾಗ ಒಂದು ದಿನ ಸೀಟು ಬದಲಾಯಿಸಿದೆವು. ಬಾಗಿಲಿಗೆ ಹಗ್ಗ ಕಟ್ಟಿತ್ತು. ಹಗ್ಗ ಬಿಚ್ಚಿಕೊಂಡಿತು, ಸುಬ್ಬಣ್ಣ ಬಿದ್ದ. ಹಿಂದಿನ ಚಕ್ರ ಅವನ ಕಾಲಿನ ಮೇಲೆ ಹೋಯಿತು. ಕಟ್ಟಿದ್ದು ನಾನು. ಕೊಂಡಿ ಹಾಕಿಸೋಣ ಅಂತ ಅವನು ಹೇಳಿದ್ದ, ಬಂದಮೇಲೆ ನೋಡೋಣ ಅಂದಿದ್ದೆ. ಈಗಲೂ ತಿಂಗಳಿಗೊಮ್ಮೆ ಹೋಗಿ ನೋಡ್ತೀನಿ. 'ಹೋಗಲಿ ಬಿಡು ರಂಗಸಾಮಿ' ಅಂತಾನೆ. ಆ ಮಾತು ಕೇಳೋಕೆ ಆಗಲ್ಲ."

ಭುವನಾ ಬಾಯಿಗೆ ಸೆರಗು ಒತ್ತಿಕೊಂಡಳು. ಒಂದು ಕೋಳಿಯನ್ನೂ ಇಡಿಸದ ಅಪ್ಪನ ಈ ಕತೆ ಅವಳಿಗೂ ಹೊಸದು. ಡ್ರೈವರುಗಳಲ್ಲಿ ಒಬ್ಬ ಸದ್ದಿಲ್ಲದೆ ಹೋಗಿ ಮೂಲೆಯಲ್ಲಿ ಬಿದ್ದಿದ್ದ ಮರದ ತುಂಡುಗಳನ್ನು ತಂದು ಲಾರಿಯ ಚಕ್ರಕ್ಕೆ ಅಡ್ಡ ಕೊಟ್ಟ. ಒಂದು ವರ್ಷದ ನನ್ನ ಭಾಷಣಗಳಿಂದ ಆಗದ್ದು ಎರಡು ನಿಮಿಷದಲ್ಲಿ ಆಗಿತ್ತು.

ಮಾರನೇ ದಿನ ಮೇಡಂ ಆರ್ಡರ್ ಕೊಟ್ಟರು. ಒಂದಲ್ಲ, ಎರಡು! ಮೊದಲನೆಯದು ಮಾವನವರಿಗೆ, ವಾರಕ್ಕೆ ಎರಡು ದಿನ ಡ್ರೈವರುಗಳಿಗೆ ಪಾಠ ಹೇಳುವ ಕೆಲಸ. ಎರಡನೆಯದು ನನಗೆ: ಕಾಯಂ ಮಾಡುವ ವಿಷಯ ಆರು ತಿಂಗಳು ಮುಂದಕ್ಕೆ, ಅಲ್ಲಿಯವರೆಗೆ ಪ್ರತಿ ತಿಂಗಳು ನನ್ನ ನಡವಳಿಕೆಯ ವರದಿಗೆ ರಂಗಸಾಮಿಯವರ ಸಹಿ ಆಗಬೇಕು.

ಅದನ್ನು ಓದಿ ಮೊದಲು ಗಾಬರಿಯಾದರೂ ಆಮೇಲೆ ಸಮಾಧಾನವಾಯಿತು. ಸ್ವಂತ ಮಾವ! ಲೈಸೆನ್ಸಿಲ್ಲದೆ ಆರು ವರ್ಷ ಓಡಿಸಿದ ಮನುಷ್ಯ! ಅಳಿಯನಿಗೆ ಒಂದು ಸಹಿ ಹಾಕಿಕೊಡುವುದಿಲ್ಲವೇ? ಮೊದಲ ತಿಂಗಳ ಕೊನೆಗೆ ಅವರನ್ನು ಊಟಕ್ಕೆ ಕರೆದು, ಇಡ್ಲಿ ಬಡಿಸಿ, ಮೆಲ್ಲಗೆ ವರದಿಯನ್ನು ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು, ತಮಿಳಿನಲ್ಲಿದ್ದ ಆ ಹಾಳೆಯನ್ನು ಪೂರ್ತಿ ಓದಿದರು. 'ತೃಪ್ತಿಕರ' ಎಂಬ ಪದವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು.

"ಮಾವ! ನಾನು ನಿಮ್ಮ ಅಳಿಯ!"

"ಮಾಪಿಳ್ಳೆ ಅನ್ನೋದು ಮನೇಲಿ. ಅಲ್ಲಿ ನೀವು ಫೋಟೋಗಾಗಿ ಚಕ್ರದ ತುಂಡು ತೆಗೆಸಿದೋರು," ಎಂದು ಹೇಳಿ ಮಾವ ಇನ್ನೆರಡು ಇಡ್ಲಿ ಹಾಕಿಸಿಕೊಂಡರು. ಬಡಿಸಿದವನು ನಾನೇ!