ಪೆಟಾಲಿಂಗ್ ಜಯಾದಲ್ಲೊಂದು ಹಿಮದ ಟೈರು

ಎದುರುಬದುರು ನಿಂತು ಜಗಳವಾಡುವ ಧೈರ್ಯ ನನಗೆ ಹುಟ್ಟಿನಿಂದಲೇ ಇಲ್ಲ. ಕ್ಷೌರದಂಗಡಿಯವನು ಒಂದು ಕಿವಿಯ ಮೇಲೆ ಹೆಚ್ಚು, ಇನ್ನೊಂದರ ಮೇಲೆ ಕಡಿಮೆ ಕತ್ತರಿಸಿ, ಹಿಂದಿನಿಂದ ಕನ್ನಡಿ ಹಿಡಿದು ‘ಹೇಗಿದೆ?’ ಎಂದರೆ, ‘ಚೆನ್ನಾಗಿದೆ’ ಎಂದು ತಲೆ ಸವರಿಕೊಂಡು ಎದ್ದು ಬರುವವನು ನಾನು. ಹೋಟೆಲಿನಲ್ಲಿ ನಾನು ಕೇಳದ ತಿಂಡಿಯನ್ನು ತಂದಿಟ್ಟರೆ, ಬಹುಶಃ ನಾನೇ ತಪ್ಪಾಗಿ ಕೇಳಿರಬೇಕು ಎಂದುಕೊಂಡು ಅದನ್ನೇ ತಿಂದು ಮುಗಿಸುತ್ತೇನೆ. ಆದರೆ ನನ್ನ ಮುಂದೆ ಒಂದು ಕಂಪ್ಯೂಟರ್ ಇಟ್ಟು, ಎದುರಾಳಿಯನ್ನು ಸಮುದ್ರದಾಚೆ ಎಲ್ಲೋ ದೂರದಲ್ಲಿ ಕೂರಿಸಿ ನೋಡಿ! ನನ್ನ ಬೆರಳುಗಳಿಗೆ ಅದೆಲ್ಲಿಂದಲೋ ಶೌರ್ಯ ಬಂದುಬಿಡುತ್ತದೆ. ಹೆಂಡತಿ ವಸಂತಾ ಇದಕ್ಕೆ ‘ಇಮೇಲ್ ಆವೇಶ’ ಎಂದು ಹೆಸರಿಟ್ಟಿದ್ದಾಳೆ. ಕೀಲಿಮಣೆಯ ಸದ್ದು ಜೋರಾದರೆ ಅಡುಗೆಮನೆಯಿಂದಲೇ ‘ಇವತ್ತು ಯಾರ ಮೇಲೆ?’ ಎಂದು ಕೇಳುತ್ತಾಳೆ.

ಈ ಸಲ ನನ್ನ ಆವೇಶಕ್ಕೆ ಕಾರಣ ಹಿಮ. ನಾನು ಮೈಸೂರಿನವನು. ಪೆಟಾಲಿಂಗ್ ಜಯಾಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಈ ಎರಡು ಊರುಗಳ ನಡುವೆ ಕಳೆದ ನನ್ನ ಆಯುಷ್ಯದಲ್ಲಿ ನಾನು ಕೈಯಾರೆ ಮುಟ್ಟಿದ ಹಿಮವೆಂದರೆ ನಮ್ಮಮ್ಮನ ಹಳೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಗಡ್ಡದಂತೆ ಬೆಳೆಯುತ್ತಿದ್ದದ್ದು. ತಿಂಗಳಿಗೊಮ್ಮೆ ಫ್ರಿಜ್ ಆಫ್ ಮಾಡಿ, ಮರದ ಸೌಟಿನಿಂದ ಅದನ್ನು ಕೆರೆದು ತೆಗೆಯುವುದು ಮನೆಯಲ್ಲಿ ನನ್ನ ಕೆಲಸವಾಗಿತ್ತು. ಮಲೇಷ್ಯಾದಲ್ಲಂತೂ ಚಳಿ ಎನ್ನುವುದು ಇರುವುದೇ ಆಫೀಸಿನ ಒಳಗೆ. ಹೊರಗೆ ಡಾಂಬರು ಕರಗುವ ಬಿಸಿಲು; ಒಳಗೆ ಏಸಿಯ ಕೆಳಗೆ ನಾವೆಲ್ಲ ಸ್ವೆಟರ್ ಹಾಕಿಕೊಂಡು, ಬಿಸಿನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿರುತ್ತೇವೆ. ಆದರೂ ಆಫೀಸಿನ ಕಾರಿಡಾರಿನಲ್ಲಿ ಕಾರು ಓಡಿಸುವ ಪ್ರಸಂಗ ನನಗೆ ಇದುವರೆಗೆ ಬಂದಿಲ್ಲ.

ನಮ್ಮದು ಹಡಗಿನ ಕಂಟೇನರುಗಳು ಎಲ್ಲಿವೆ, ಯಾವಾಗ ಬರುತ್ತವೆ ಎಂದು ತೋರಿಸುವ ಸಾಫ್ಟ್‌ವೇರ್ ಮಾಡುವ ಕಂಪನಿ. ಮುಖ್ಯ ಕಚೇರಿ ಯುರೋಪಿನ ಉತ್ತರದ ತುದಿಯಲ್ಲಿದೆ. ಅಲ್ಲಿ ವರ್ಷದಲ್ಲಿ ಅರ್ಧ ಕಾಲ ಸೂರ್ಯನೇ ರಜೆಯಲ್ಲಿರುತ್ತಾನಂತೆ. ಒಂದು ಸೋಮವಾರ ಬೆಳಿಗ್ಗೆ ಆ ಕಚೇರಿಯಿಂದ ಮೇಲ್ ಬಂತು. ಕಂಪನಿಯ ಕೆಲಸಕ್ಕೆ ಕಾರು ಓಡಿಸುವ ನೌಕರರೆಲ್ಲರೂ, ಯಾವ ದೇಶದವರೇ ಆಗಿರಲಿ, ‘ಹಿಮ ಮತ್ತು ಮಂಜುಗಡ್ಡೆಯ ಮೇಲೆ ಸುರಕ್ಷಿತ ಚಾಲನೆ’ ಎಂಬ ಪಾಠವನ್ನು ಕಂಪ್ಯೂಟರಿನಲ್ಲಿ ಮುಗಿಸಬೇಕು. ಜೊತೆಗೆ ತಮ್ಮ ಕಾರಿಗೆ ಚಳಿಗಾಲದ ಟೈರು ಹಾಕಿಸಿ, ಟೈರಿನ ಬದಿಯಲ್ಲಿ ಮೂರು ಶಿಖರದ ಗುಡ್ಡ ಮತ್ತು ಹಿಮದ ಹರಳಿನ ಗುರುತು ಕಾಣುವಂತೆ ಫೋಟೋ ಕಳಿಸಬೇಕು. ನಾನು ಜೋರಾಗಿ ನಕ್ಕು ಅದನ್ನು ಅಳಿಸಿ ಹಾಕಿದೆ. ನಗು ಎರಡು ವಾರ ಬಾಳಿತು. ಮೂರನೆಯ ವಾರ ಕಂಪನಿಯ ಕೆಲಸಕ್ಕೆ ಕಾರು ಓಡಿಸುವ ನನ್ನ ಅನುಮತಿಯನ್ನೇ ರದ್ದು ಮಾಡಿದರು.

ಇದು ಚಿಲ್ಲರೆ ವಿಷಯವಲ್ಲ. ವಾರಕ್ಕೆರಡು ಸಲ ನಾನು ಕ್ಲಾಂಗ್ ಬಂದರಿಗೆ ಹೋಗಬೇಕು. ಅಲ್ಲಿಯ ಕಂಟೇನರ್ ಯಾರ್ಡುಗಳಲ್ಲಿ ನಮ್ಮ ಸಾಫ್ಟ್‌ವೇರ್ ಕೈಕೊಟ್ಟಾಗ ಬೈಗುಳ ತಿನ್ನಲು ಕಂಪನಿಯ ಪರವಾಗಿ ಒಬ್ಬ ಮನುಷ್ಯ ಬೇಕಲ್ಲ, ಅದು ನಾನು. ಅನುಮತಿ ಹೋದ ಮೇಲೆ ನಾನು ಎಲ್‌ಆರ್‌ಟಿ ಎಂಬ ನಗರದ ರೈಲು ಹತ್ತಿ, ಇಳಿದು, ಇನ್ನೊಂದು ರೈಲು ಹತ್ತಿ, ಕೊನೆಯ ನಿಲ್ದಾಣದಲ್ಲಿಳಿದು, ತಲೆಗೆ ಹಳದಿ ಹೆಲ್ಮೆಟ್ ಇಟ್ಟುಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಲಾರಿಗಳ ನಡುವೆ ನಡೆಯತೊಡಗಿದೆ. ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಯಾರ್ಡಿನ ಗೇಟಿನವನು ‘ಕಾರೆಲ್ಲಿ?’ ಎಂದು ಕೇಳಿದ. ‘ಹಿಮದಿಂದಾಗಿ ತರಲಿಲ್ಲ’ ಎಂದೆ. ಅವನು ನನ್ನನ್ನು ನೆರಳಲ್ಲಿ ಕೂರಿಸಿ ಕುಡಿಯಲು ನೀರು ಕೊಟ್ಟ.

ನಮ್ಮ ಆಫೀಸಿನ ಎಚ್‌ಆರ್ ಫರಾ ಒಳ್ಳೆಯ ಹುಡುಗಿ. ಅವಳ ಮೇಜಿನ ಮುಂದೆ ನಿಂತು ಆದಷ್ಟು ಖಾರವಾಗಿ, ಅಂದರೆ ಸಾಕಷ್ಟು ಮೆತ್ತಗೆ, ಕೇಳಿದೆ. “ಫರಾ, ಕಿಟಕಿಯಿಂದ ಹೊರಗೆ ನೋಡು. ಏನು ಕಾಣಿಸುತ್ತೆ?”

“ಪಾರ್ಕಿಂಗ್ ಲಾಟ್,” ಎಂದಳು.

“ಹಿಮ ಕಾಣಿಸ್ತಾ ಇದೆಯಾ?”

“ನಾಟ್ ಮೀ ಲಾ, ಬಾಸ್!” ಎಂದಳು, ಇಲ್ಲಿಯವರ ಮಾತಿಗೆಲ್ಲ ಬಾಲವಾಗಿ ಅಂಟುವ ‘ಲಾ’ ಸೇರಿಸಿ. “ಸಿಸ್ಟಮ್! ನನ್ನದೂ ಬ್ಲಾಕ್ ಆಗಿತ್ತು. ಕೋರ್ಸ್ ಮಾಡಿದೆ, ಸರಿಹೋಯ್ತು. ಟೈರ್ ಸಿಗಲ್ಲ ಅನ್ನೋದಕ್ಕೆ ಒಂದು ಬಾಕ್ಸ್ ಇದೆ, ಟಿಕ್ ಮಾಡಬಹುದು. ಬಟ್ ಪ್ರೂಫ್ ಕೇಳುತ್ತೆ. ಟೈರ್ ಅಂಗಡಿಯಿಂದ ಲೆಟರ್ ತಗೊಂಡು ಬಾ.”

ಮಲೇಷ್ಯಾದಲ್ಲಿ ಹಿಮ ಬೀಳುವುದಿಲ್ಲ ಎಂಬುದಕ್ಕೆ ಪುರಾವೆ! ನಾಳೆ ಮೀನಿಗೆ ಸೈಕಲ್ ಬರುವುದಿಲ್ಲ ಎಂಬುದಕ್ಕೂ ಪ್ರಮಾಣಪತ್ರ ಕೇಳಿಯಾರು. ಆದರೂ ಹೋದೆ. ನಮ್ಮ ಮನೆಯ ಹತ್ತಿರ ಟೈರಿನಂಗಡಿ ಇಟ್ಟಿರುವ ಮುನಿಯಾಂಡಿ ತಮಿಳರು, ಅರವತ್ತು ದಾಟಿದವರು, ಮಾತು ಕಮ್ಮಿ. ನಾನು ನನ್ನ ಅರೆಬರೆ ತಮಿಳಿನಲ್ಲಿ ಚಳಿಗಾಲದ ಟೈರು ಬೇಕು ಎಂದಾಗ ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟರು. “ಪನಿ ಟೈರಾ? ಪನಿ ಎಂಗೆ ಸಾರ್ ಇಂಗೆ?” ಇಲ್ಲಿ ಹಿಮ ಎಲ್ಲಿದೆ ಎಂದು ಅವರು ಕೇಳಿದ ಆ ಪ್ರಶ್ನೆಯಲ್ಲಿ ನನ್ನ ಆತ್ಮದ ಕೂಗೇ ಇತ್ತು. ನಾನು ಭಾವುಕನಾಗಿ ಎಲ್ಲವನ್ನೂ ಹೇಳಿಕೊಂಡೆ. ಅವರು ಬಿಲ್ ಪುಸ್ತಕದ ಒಂದು ಹಾಳೆ ಹರಿದು, ‘ನೋ ಸ್ನೋ ಹಿಯರ್. ನೋ ಸ್ನೋ ಟೈರ್ ಆಲ್ಸೋ’ ಎಂದು ಇಂಗ್ಲಿಷಿನಲ್ಲಿ ಬರೆದು, ಅಂಗಡಿಯ ಮೊಹರು ಒತ್ತಿ ಕೊಟ್ಟರು. ಆಮೇಲೆ ನನ್ನ ಕಾರಿನ ಸುತ್ತ ಒಂದು ಸುತ್ತು ಬಂದು, ಹಿಂದಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳಿನಿಂದ ಟೈರನ್ನು ಸವರಿ, “ಪನಿ ವಿಡುಂಗ ಸಾರ್. ಪಿನ್ನಾಡಿ ರೆಂಡುಂ ಮೊಟ್ಟೈ,” ಎಂದರು. ಹಿಮದ ಮಾತು ಬಿಡಿ, ಹಿಂದಿನವೆರಡೂ ಬೋಳು ಎಂದು ಅರ್ಥ. ಅಂಥ ಕ್ಷುಲ್ಲಕ ವಿಷಯಕ್ಕೆ ಆಗ ನನಗೆ ಪುರುಸೊತ್ತಿರಲಿಲ್ಲ. ನಾನು ಒಂದು ತತ್ವಕ್ಕಾಗಿ ಹೋರಾಡುತ್ತಿದ್ದೆ. ಹಾಳೆಯನ್ನು ಜೇಬಿಗಿಟ್ಟುಕೊಂಡು ಹೊರಟೆ.

ಸಿಸ್ಟಮ್ ಹಾಳೆಯನ್ನು ಒಪ್ಪಿತು. ಆದರೆ ಪಾಠದಿಂದ ಬಿಡುಗಡೆ ಕೊಡಲಿಲ್ಲ. ಪರೀಕ್ಷೆಯಲ್ಲಿ ಎಲ್ಲ ಉತ್ತರಗಳೂ ಸರಿಯಿದ್ದರೆ ಮಾತ್ರ ಅನುಮತಿ ವಾಪಸ್ಸು. ಮೊದಲ ಸಲ ಪಾಠವನ್ನು ಓದದೆ, ಬರೀ ಕೋಪದಿಂದ ಪರೀಕ್ಷೆಗೆ ಕೂತೆ. ‘ಮೊದಲು ಹೆಪ್ಪುಗಟ್ಟುವುದು ರಸ್ತೆಯೋ, ಸೇತುವೆಯೋ?’ ಎಂಬ ಪ್ರಶ್ನೆಗೆ ‘ಎರಡೂ ಅಲ್ಲ, ನಾನಿರುವುದು ಪೆಟಾಲಿಂಗ್ ಜಯಾದಲ್ಲಿ’ ಎಂಬ ಉತ್ತರ ಅಲ್ಲಿದ್ದ ಆಯ್ಕೆಗಳಲ್ಲಿ ಇರಲೇ ಇಲ್ಲ. ಫೇಲಾದೆ. ಎರಡನೆಯ ಸಲವೂ ಫೇಲಾದೆ. ಎಂಜಿನಿಯರಿಂಗಿನಲ್ಲಿ ಒಂದೂ ವಿಷಯ ಬಾಕಿ ಉಳಿಸಿಕೊಳ್ಳದವನು ನಾನು. ನಲವತ್ತೆಂಟನೆಯ ವಯಸ್ಸಿನಲ್ಲಿ, ಕಾಣದ ಮಂಜುಗಡ್ಡೆಯ ಮೇಲೆ ಎರಡು ಸಲ ಜಾರಿ ಬಿದ್ದೆ. ಆ ಅವಮಾನದಲ್ಲಿ ಮುಖ್ಯ ಕಚೇರಿಗೆ ಮೂರು ಪುಟದ ದೂರು ಬರೆದೆ. ಭೂಮಧ್ಯರೇಖೆ ಎಂದರೇನು ಎಂಬಲ್ಲಿಂದ ಆರಂಭಿಸಿ, ಮನುಷ್ಯನ ಘನತೆಯವರೆಗೆ ಏನನ್ನೂ ಬಿಡಲಿಲ್ಲ. ವಸಂತಾ ಓದಿ, “ಚೆನ್ನಾಗಿದೆ ರೀ. ಆದ್ರೆ ಇದನ್ನ ಬರೆಯೋ ಹೊತ್ತಿಗೆ ಆ ಪಾಠಾನೇ ಓದಿ ಮುಗಿಸಬಹುದಿತ್ತು,” ಎಂದಳು. ಹೆಂಗಸರಿಗೆ ತತ್ವದ ವಿಷಯ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಎದುರುಬದುರಿನ ವಿಷಯವಾದ್ದರಿಂದ ಬಾಯಲ್ಲಿ, “ಹೌದು,” ಎಂದೆ.

ಕೊನೆಗೆ ಬಂದರಿಗೆ ಹೋಗುವ ರೈಲಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆ ಪಾಠವನ್ನು ಕೇಳತೊಡಗಿದೆ. ಒಬ್ಬ ಹೆಂಗಸು ಮಗುವನ್ನು ಮಲಗಿಸುವ ದನಿಯಲ್ಲಿ ಹೇಳುತ್ತಾ ಹೋಗುತ್ತಿದ್ದಳು. ಚಳಿಗಾಲದ ಟೈರಿನ ರಬ್ಬರು ಮೆದು, ಚಳಿಯಲ್ಲಿ ಕಲ್ಲಾಗುವುದಿಲ್ಲ. ಅದರ ಗೀರುಗಳು ಆಳ, ಒಳಗೆ ಸಣ್ಣ ಸಣ್ಣ ಸೀಳುಗಳು, ಅವು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಹಾಕಿಸಿದರೆ ನಾಲ್ಕೂ ಚಕ್ರಕ್ಕೆ ಹಾಕಿಸಿ, ಎರಡಕ್ಕೆ ಮಾತ್ರ ಹಾಕಿಸಿದರೆ ಕಾರಿನ ಒಂದು ತುದಿ ಒಂದು ದಾರಿ, ಇನ್ನೊಂದು ತುದಿ ಇನ್ನೊಂದು ದಾರಿ ಹಿಡಿಯುತ್ತದೆ. ಮುಂದಿನ ಗಾಡಿಯಿಂದ ದೂರವಿರಿ. ಕಾರು ಜಾರಿದರೆ ಗಾಬರಿಯಿಂದ ಬ್ರೇಕ್ ತುಳಿಯಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಎಲ್ಲಿಗೆ ಹೋಗಬೇಕೋ ಅಲ್ಲಿಗೆ ನೋಡಿ, ಅತ್ತ ಮೆತ್ತಗೆ ತಿರುಗಿಸಿ. ಪಕ್ಕದಲ್ಲಿ ಕೂತವರು ಬೆವರೊರೆಸಿಕೊಳ್ಳುತ್ತಿದ್ದರು. ನಾನು ಡಿಕ್ಕಿಯಲ್ಲಿ ಯಾವ ಅಳತೆಯ ಸಲಿಕೆ ಇಟ್ಟುಕೊಳ್ಳಬೇಕೆಂದು ಬಾಯಿಪಾಠ ಮಾಡುತ್ತಿದ್ದೆ. ಮೂರನೆಯ ಯತ್ನದಲ್ಲಿ ಪೂರ್ಣ ಅಂಕ ಬಂತು. ಅನುಮತಿ ವಾಪಸ್ಸು ಸಿಕ್ಕಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಅದಾದ ಮೇಲಿನ ಶನಿವಾರ ಪುತ್ರಜಯಾದಲ್ಲಿರುವ ಗೆಳೆಯರ ಮನೆಯಲ್ಲಿ ಮಗುವಿನ ನಾಮಕರಣವಿತ್ತು. ಸಂಜೆ ನಾಲ್ಕಕ್ಕೆ ವಸಂತಾ, ಹನ್ನೆರಡು ವರ್ಷದ ಮಗಳು ಅನನ್ಯಾ, ನಾನು ಮೂವರೂ ವಾಪಸ್ಸು ಬರುತ್ತಿದ್ದೆವು. ನಾನು ಎಂದಿನಂತೆ ಮುಖ್ಯ ಕಚೇರಿಯನ್ನು ಬೈಯುತ್ತಿದ್ದೆ. ಹೆದ್ದಾರಿಗೆ ಸೇರುವ ಹೊತ್ತಿಗೆ ಆಕಾಶ ಕಪ್ಪಾಗಿ, ಇಲ್ಲಿಯ ಮಳೆ ಬರುವ ರೀತಿಯಲ್ಲೇ, ಮುನ್ಸೂಚನೆಯಿಲ್ಲದೆ ಕೊಡ ಬಗ್ಗಿಸಿದಂತೆ ಸುರಿಯಿತು. ವೈಪರ್ ಎಷ್ಟು ಜೋರಾಗಿ ಆಡಿದರೂ ಮುಂದಿನ ಲಾರಿಯ ಕೆಂಪು ದೀಪಗಳ ಹೊರತು ಏನೂ ಕಾಣಿಸುತ್ತಿರಲಿಲ್ಲ. ಬಾಗುವ ಮೇಲ್ಸೇತುವೆಯಿಂದ ಇಳಿಯುವಾಗ ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾಯಿತು. ಕಾರಿನ ಹಿಂಭಾಗ ನನ್ನನ್ನು ಕೇಳದೆಯೇ ಬಲಕ್ಕೆ ಹೊರಟಿತು. ವಸಂತಾ “ಅಯ್ಯೋ!” ಎಂದು ನನ್ನ ತೋಳು ಹಿಡಿದಳು. ಕಿಟಕಿಯಲ್ಲಿ ಇರಬಾರದ ಕಡೆ ತಡೆಗೋಡೆ ಕಂಡಿತು.

ಇಪ್ಪತ್ತೈದು ವರ್ಷದ ಅಭ್ಯಾಸದಂತೆ ನನ್ನ ಬಲಗಾಲು ಬ್ರೇಕಿನ ಕಡೆ ಹಾರಿತ್ತು. ಆ ಹೊತ್ತಿಗೆ ಸರಿಯಾಗಿ ಕಿವಿಯಲ್ಲಿ ಆ ಹೆಂಗಸಿನ ಜೋಗುಳದ ದನಿ ಕೇಳಿತು. ಕಾಲು ಗಾಳಿಯಲ್ಲೇ ನಿಂತಿತು. ತಡೆಗೋಡೆಯಿಂದ ಕಷ್ಟಪಟ್ಟು ಕಣ್ಣು ಕಿತ್ತು ರಸ್ತೆಯ ಕಡೆ ನೋಡಿದೆ, ಅತ್ತ ಮೆತ್ತಗೆ ತಿರುಗಿಸಿದೆ. ಕಾರು ಒಮ್ಮೆ ಅತ್ತ, ಒಮ್ಮೆ ಇತ್ತ ಸೊಂಟ ಬಳುಕಿಸಿ, ಆಮೇಲೆ ಮನಸ್ಸು ಬದಲಾಯಿಸಿದಂತೆ ನೇರವಾಯಿತು. ಮುಂದಿನ ಸೇತುವೆಯ ಕೆಳಗೆ, ಮಳೆಗೆ ನಿಂತಿದ್ದ ಹತ್ತಾರು ಮೋಟಾರ್‌ಬೈಕುಗಳ ಪಕ್ಕದಲ್ಲಿ ನಿಲ್ಲಿಸಿದೆ. ರೇನ್‌ಕೋಟ್ ತೊಟ್ಟಿದ್ದ ಒಬ್ಬ ಬೈಕಿನವನು ಬಂದು ಗಾಜು ತಟ್ಟಿ “ಓಕೇ ಲಾ?” ಎಂದು ಕೇಳಿದ. ಉತ್ತರಕ್ಕೆ ತಲೆಯಾಡಿಸಿದ್ದು ನಾನೋ, ತಲೆಯೇ ತಾನಾಗಿ ಆಡಿತೋ ಗೊತ್ತಿಲ್ಲ.

ಹಿಂದಿನ ಸೀಟಿನಿಂದ ಅನನ್ಯಾಳ ಸಣ್ಣ ದನಿ ಬಂತು. “ಅಪ್ಪಾ, ವೈ ವರ್ ಯೂ ಸೇಯಿಂಗ್ ‘ಸ್ನೋ, ಸ್ನೋ’?”

“ನಾನಾ? ಸ್ಲೋ, ಸ್ಲೋ ಅಂದೆ,” ಎಂದೆ.

“ನೋ, ಯೂ ಸೆಡ್ ಸ್ನೋ.”

ವಸಂತಾ ನನ್ನ ತೋಳನ್ನು ಇನ್ನೂ ಬಿಟ್ಟಿರಲಿಲ್ಲ. “ಎಲ್ಲಿ ಕಲಿತ್ರಿ ಇದನ್ನ? ನೀವು ಬ್ರೇಕ್ ಹಾಕಿದ್ದಿದ್ರೆ…” ಎಂದಳು.

“ಅನುಭವ,” ಎಂದೆ.

ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಮುನಿಯಾಂಡಿಯವರ ಬಾಗಿಲಲ್ಲಿ ನಿಂತಿದ್ದೆ. ಅವರು ಬೀಗ ತೆಗೆದವರೇ ನೇರ ಜಾಕ್ ತಂದರು. ಹಿಂದಿನ ಎರಡೂ ಟೈರು ಬಿಚ್ಚಿ, ಒಂದನ್ನು ನನ್ನ ಮುಂದೆ ಹಿಡಿದರು. ನಮ್ಮ ಮನೆಯ ಊಟದ ಮೇಜಿಗೂ ಅದಕ್ಕೂ ನುಣುಪಿನಲ್ಲಿ ವ್ಯತ್ಯಾಸವಿರಲಿಲ್ಲ. ಹೊಸ ಟೈರು ಕೂರಿಸಿ, ಗಾಳಿ ನೋಡಿ, ಕೈ ಒರೆಸಿಕೊಳ್ಳುತ್ತಾ, “ಇನ್ನೊರು ಲೆಟರ್ ವೇಣುಮಾ ಸಾರ್?” ಎಂದು ಗಂಭೀರವಾಗಿ ಕೇಳಿದರು. ಇನ್ನೊಂದು ಪತ್ರ ಬೇಡವೆಂದೆ.

ಒಂದು ವಾರದ ನಂತರ ಮುಖ್ಯ ಕಚೇರಿಯಿಂದ ನನ್ನ ದೂರಿಗೆ ಉತ್ತರ ಬಂತು. ನನ್ನ ವಾದ ಅವರಿಗೆ ಸಂಪೂರ್ಣ ಒಪ್ಪಿಗೆಯಾಗಿತ್ತು. ಕ್ಷಮೆ ಕೇಳಿದ್ದರು. ಬಿಸಿಲಿನ ದೇಶಗಳಿಗೆ ಈ ಪಾಠವನ್ನು ಶುಕ್ರವಾರದಿಂದ ತೆಗೆದುಹಾಕುವುದಾಗಿಯೂ, ಇಷ್ಟು ವಿಚಾರಪೂರ್ಣವಾದ ಪತ್ರವನ್ನು ತಾವು ಹಿಂದೆಂದೂ ಓದಿಲ್ಲವೆಂದೂ ಬರೆದಿದ್ದರು. ಆಫೀಸಿನವರೆಲ್ಲ ಮಧ್ಯಾಹ್ನ ನನ್ನನ್ನು ಎದುರಿನ ಮಾಮಕ್ ಅಂಗಡಿಗೆ, ಅಂದರೆ ತಮಿಳು ಮುಸ್ಲಿಮರ ಹೋಟೆಲಿಗೆ, ಎಳೆದುಕೊಂಡು ಹೋಗಿ ಪರೋಟ, ಚಹಾ ಕೊಡಿಸಿದರು. ಇನ್ನೂ ಪರೀಕ್ಷೆ ಪಾಸಾಗದ ನಾಲ್ವರು ನನ್ನ ಕೈ ಕುಲುಕಿದರು. “ಏನಾದ್ರೂ ಹೇಳು ಬಾಸ್,” ಎಂದು ಫರಾ ಒತ್ತಾಯಿಸಿದಳು. ನಾನು ಎದ್ದು ನಿಂತು, ಉಪಯೋಗವಿಲ್ಲದ ಪಾಠಗಳನ್ನು ಮನುಷ್ಯರ ಮೇಲೆ ಹೇರುವುದರ ಬಗ್ಗೆ ಐದು ನಿಮಿಷ ಮಾತಾಡಿದೆ. ಚಪ್ಪಾಳೆ ಬಿತ್ತು. ಆ ಮೇಜಿನಲ್ಲಿ ನನ್ನ ಮಗಳಿರಲಿಲ್ಲ ಎಂಬುದೊಂದೇ ಆ ದಿನ ನನ್ನ ಪುಣ್ಯ.

ಗುರುವಾರ ಎಲ್ಲರೂ ಊಟಕ್ಕೆ ಹೋದ ಮೇಲೆ ನಾನೊಬ್ಬನೇ ಹಿಂದುಳಿದೆ. ಮಾರನೆಯ ದಿನ ಆ ಪಾಠ ಸಿಸ್ಟಮ್ಮಿನಿಂದ ಮಾಯವಾಗುವುದಿತ್ತು. ಅದರ ನಲವತ್ತೂ ಪುಟಗಳನ್ನು ಪ್ರಿಂಟಿಗೆ ಕೊಟ್ಟು ಯಂತ್ರದ ಪಕ್ಕ ಕಾವಲು ನಿಂತೆ. ಹದಿನೇಳನೆಯ ಪುಟ ಬರುವಷ್ಟರಲ್ಲಿ, ಮರೆತ ಕೊಡೆ ತೆಗೆದುಕೊಂಡು ಹೋಗಲು ಬಂದ ಫರಾ ಒಳಗೆ ಕಾಲಿಟ್ಟಳು. ಟ್ರೇಯಿಂದ ಒಂದು ಹಾಳೆ ಎತ್ತಿ ನೋಡಿದಳು. ಹಿಮದಲ್ಲಿ ಜಾರುತ್ತಿರುವ ಕಾರಿನ ಚಿತ್ರ. ಅದರ ಪಕ್ಕದಲ್ಲಿ ಕಾಲು ಎಲ್ಲಿಡಬೇಕು, ಕಣ್ಣು ಎಲ್ಲಿಡಬೇಕು ಎಂಬ ಬಾಣಗಳು.

“ಬಾಸ್, ಇದನ್ನ ಯಾಕೆ ಪ್ರಿಂಟ್ ತೆಗೀತಿದ್ದೀಯ?”

“ಸಾಕ್ಷಿಗೆ,” ಎಂದೆ, ಆದಷ್ಟು ಸಿಟ್ಟಿನಿಂದ. “ನಾಳೆ ಅವರು ಮಾತು ಬದಲಾಯಿಸಿದರೆ?”

ಅವಳು ಮೆಚ್ಚುಗೆಯಿಂದ ತಲೆಯಾಡಿಸಿ, ನನಗಾಗಿ ಎರಡೂ ಬದಿಗೆ ಪ್ರಿಂಟ್ ಬರುವಂತೆ ಯಂತ್ರವನ್ನು ಸರಿಮಾಡಿಕೊಟ್ಟು, ಎಲ್ಲ ಹಾಳೆಗಳನ್ನೂ ಜೋಡಿಸಿ ಪಿನ್ ಹೊಡೆದು, ಒಳ್ಳೆಯದೊಂದು ಫೈಲಿನಲ್ಲಿ ಹಾಕಿಕೊಟ್ಟಳು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ‘ದೂರು’ ಎಂದು ಅವಳೇ ಇಂಗ್ಲಿಷಿನಲ್ಲಿ ಬರೆದಳು. ಈಗ ಅದು ನನ್ನ ಕಾರಿನಲ್ಲಿ, ಎಡಗಡೆಯ ಸೀಟಿನ ಮುಂದಿನ ಡಬ್ಬಿಯಲ್ಲಿದೆ. ಮಳೆಮೋಡ ಕವಿದ ದಿನ ಹೊರಡುವ ಮುನ್ನ, ನನ್ನ ‘ಅನುಭವ’ದ ಮೂಲ ಪತ್ತೆಹಚ್ಚಿರುವ ವಸಂತಾ ಅದನ್ನು ತೆರೆದು ನನಗೆ ಕೇಳಿಸುವಂತೆ ಗಟ್ಟಿಯಾಗಿ ಓದುತ್ತಾಳೆ. ನಾನು ಕೇಳಿಸದವನಂತೆ ಕನ್ನಡಿ ಸರಿಮಾಡಿಕೊಳ್ಳುತ್ತಾ, ಒಂದಕ್ಷರವನ್ನೂ ಬಿಡದೆ ಕೇಳುತ್ತೇನೆ.