ಮಗಳ ಮದುವೆಗೆ ಐನೂರು ಮಲ್ಲಿಗೆ ಗಿಡ

ಓದುವ ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇಕಾದರೆ ಮುಟ್ಟಳ್ಳಿಯ ನಮ್ಮ ಹಿತ್ತಲಿಗೆ ಬನ್ನಿ, ಮಲ್ಲಿಗೆ ಬುಡದ ಮಣ್ಣು ಮುಟ್ಟಿ ಆಣೆ ಮಾಡುತ್ತೇನೆ.

ನಾನು ಬಸ್ಸಿನ ಡ್ರೈವರ್. ಭಟ್ಕಳದಿಂದ ಹೊನ್ನಾವರದ ಮೇಲೆ ಕುಮಟೆಗೆ, ಕುಮಟೆಯಿಂದ ವಾಪಸ್ ಭಟ್ಕಳಕ್ಕೆ. ಸ್ಟಿಯರಿಂಗ್ ಹಿಡಿದ ಕೈಗೆ ಸಂಬಳ ಬರುತ್ತದೆ, ಕತ್ತರಿ ಹಿಡಿದ ಕೈಗೆ ಹೆಸರು ಬಂದಿದೆ. ನಾನು ಯಾವ ಗಿಡದ ಗೆಲ್ಲು ಕತ್ತರಿಸಿ ಊರಿದೆನೆಂದರೂ ಅದಕ್ಕೆ ಬೇರು ಬರಲೇಬೇಕು, ಬೇರೆ ದಾರಿಯಿಲ್ಲ. ಒಮ್ಮೆ ಮಳೆಗಾಲದಲ್ಲಿ ಕೊಡೆಯನ್ನು ನೆಲಕ್ಕೂರಿ ಯಾರೊಡನೆಯೋ ಮಾತಾಡುತ್ತ ನಿಂತಿದ್ದೆ. ಹೊರಡುವಾಗ ಕೊಡೆ ಎತ್ತಿದರೆ ಸ್ವಲ್ಪ ಬಿಗಿ ಹಿಡಿದಿತ್ತು. ಇಂಥ ಕೈಗುಣ ಇದ್ದವನ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಾನಾಗಿ ಯಾವುದಕ್ಕೂ ಹೋಗುವವನಲ್ಲ. ನನಗಿಂತ ಮೊದಲು ನನ್ನ ಬಾಯಿ ಹೋಗಿರುತ್ತದೆ, ಅಷ್ಟೇ.

ಬಾಯಿ ಹೋದದ್ದು

ಮಗಳ ಮದುವೆಯ ಮಾತುಕತೆಗೆ ಕುಮಟೆಯ ಬೀಗರ ಮನೆಗೆ ಹೋಗಿದ್ದೆವು. ಎಲ್ಲ ಸುಸೂತ್ರ. ಚಾ ಕುಡಿದು ಏಳುವ ಹೊತ್ತಿಗೆ ಬೀಗರು, "ಬಂದವರಿಗೆ ತಾಂಬೂಲದ ಸಂಗಡ ಎಂತ ಕೊಡೂದು? ಸ್ಟೀಲ್ ಡಬ್ಬಿ ಕೊಡ್ವ?" ಎಂದು ಕೇಳಿದರು.

ನಾನು, "ಡಬ್ಬಿ ಎಂತಕ್ಕೆ ಬೀಗ್ರೆ? ಮನೆಗೊಂದು ಭಟ್ಕಳ ಮಲ್ಲಿಗೆ ಗಿಡ ಕೊಡ್ವ. ನನ್ನ ಕೈಯಾರೆ ಬೇರು ಬರಿಸಿದ್ದು" ಎಂದೆ.

"ಐನೂರು ಮನೆಗೆ?"

"ಐನೂರು ನನಗೆ ಒಂದು ಭಾನುವಾರದ ಕೆಲಸ."

ಬೀಗರ ಹೆಂಡತಿ ಒಮ್ಮೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಹಾಗಾದ್ರೆ ಡಬ್ಬಿ ಬೇಡವೇ ಬೇಡ. ನಮ್ಮ ಕಡೆಯವರಿಗೆಲ್ಲ ನಾ ಇವತ್ತೇ ಹೇಳ್ತೆ, ಹೆಣ್ಣಿನ ಅಪ್ಪ ಗಿಡ ಕೊಡ್ತಾರೆ ಅಂತ" ಎಂದರು. ಹೇಳಿಯೂ ಬಿಟ್ಟರು. ನಾವು ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಅವರ ನಾದಿನಿಯಿಂದ ನನಗೆ ಫೋನು, ಅವರಿಗೆ ಎರಡು ಬೇಕಂತೆ.

ಗಿಡ ಬರದಿದ್ದರೆ ಐನೂರು ಮನೆಯವರು ಬರಿಗೈಯಲ್ಲಿ ಹೋಗಬೇಕು, ಅದೂ ಬೀಗಿತಿಯ ಕಣ್ಣೆದುರು. ಹೊನ್ನಾವರ ದಾಟಿ ಶರಾವತಿ ಸೇತುವೆ ಮೇಲೆ ಬಸ್ಸು ಏರಿದಾಗ ಹೆಂಡತಿ ಹೇಳಿದಳು, "ಮಗಳನ್ನು ಕೊಡೂದು ಕಷ್ಟ ಅಲ್ಲ ಅಂತ ಈಗ ಗೊತ್ತಾತು."

ಹೊಳೆಯ ಮರಳು

ಗೆಲ್ಲಿಗೆ ಬೇರು ಬರಬೇಕಾದರೆ ಮೊದಲು ಬೇಕಾದದ್ದು ಒಳ್ಳೆಯ ಮರಳು. ಗೊಬ್ಬರದ ಮಣ್ಣಿನಲ್ಲಿ ಊರಿದರೆ ಕೊಳೆಯುತ್ತದೆ. ಸಮುದ್ರದ ಮರಳು ಕೂಡದು, ಉಪ್ಪು. ಹೊಳೆಯದ್ದೇ ಆಗಬೇಕು. ಇಷ್ಟೆಲ್ಲ ತಿಳಿದವನು ನಾನು.

ಕುಮಟೆ ಹತ್ತಿರದ ಅಘನಾಶಿನಿ ಊರಿನಲ್ಲಿ ನಮ್ಮ ನೆಂಟರೊಬ್ಬರು ಮನೆ ಕಟ್ಟಿ ಉಳಿದ ಮರಳನ್ನು ಹಿತ್ತಲಲ್ಲಿ ರಾಶಿ ಹಾಕಿದ್ದರು. "ಹೊಳೇದಾ?" ಎಂದು ಕೇಳಿದೆ. "ಹೊಳೇದೇ. ಮನೆ ಎದುರಿಗೇ ಹೊಳೆ ಕಾಣೂದಿಲ್ವಾ?" ಎಂದರು. ಕಂಡಿತು. ಗೋಣಿಯಲ್ಲಿ ತುಂಬಿ ತಂದೆ. ಮಲ್ಲಿಗೆಯ ಬಲಿತ ಗೆಲ್ಲುಗಳನ್ನು ಗೇಣುದ್ದ ಕತ್ತರಿಸಿ, ಎಲೆಯೆಲ್ಲ ತೆಗೆದು, ತುದಿಗೆ ಲೋಳೆಸರ ಸವರಿ ಸಾಲಾಗಿ ಊರಿದೆ. ಮದುವೆಯ ಪಂಕ್ತಿಯೂ ಅಷ್ಟು ನೇರ ಇರುವುದಿಲ್ಲ.

ವಾರ ಕಳೆಯುವುದರೊಳಗೆ ಒಂದೊಂದೂ ಹುರಿದ ಹಾಗೆ ಕಪ್ಪಾಯಿತು. ರೋಗವೆಂದೆ, ಬಿಸಿಲೆಂದೆ, ಕೊನೆಗೆ ಬೀಗಿತಿಯ ದೃಷ್ಟಿ ಎಂದೂ ಹೇಳಿದೆ. ಹೆಂಡತಿ ಒಂದು ಚಿಟಿಕೆ ಮರಳು ನಾಲಿಗೆಗೆ ಇಟ್ಟು ಥೂ ಎಂದು ಉಗಿದಳು. "ಹೊಳೇದು ಹೌದು. ಭರತ ಬಂದು ನೀರು ಉಕ್ಕಿದಾಗ ಸಮುದ್ರ ಆ ಹೊಳೆ ಒಳಗೇ ಬಂದು ಕೂತ್ಕಂತದೆ, ಅದು ನಿಮ್ಗೆ ಗೊತ್ತಿಲ್ವಾ?"

ಗೊತ್ತಿತ್ತು. ಆದರೆ ಆ ಹೊತ್ತಿಗೆ ನಾನು ಬೇರೆ ಮಾತು ಹೇಳಬೇಕಾಗಿತ್ತು. ಹೇಳಿದೆ: "ಮಾವಿನ ಮಿಡಿ ಉಪ್ಪಿನಕಾಯಿ ಯಾರು ಬೇಕಾದ್ರೂ ಹಾಕ್ತಾರೆ. ಮಲ್ಲಿಗೆದು ಹಾಕಿದವ ನಾನೊಬ್ಬನೇ."

ಬಿಸಿ ಕೊಡುವ ಯಂತ್ರ

ಎರಡನೆಯ ಸಲ ಮೇಲಿನ ಹಳ್ಳದ ಸಿಹಿನೀರಿನ ಮರಳು ತಂದು, ಅದಕ್ಕೆ ತೆಂಗಿನ ನಾರಿನ ಪುಡಿ ಬೆರೆಸಿದೆ. ಊರಲು ತೊಟ್ಟಿ ಬೇಕಲ್ಲ? ಭಟ್ಕಳದ ಬಂದರಿನಲ್ಲಿ ಮೀನು ತುಂಬಿ ಕಳಿಸುವ ಥರ್ಮಾಕೋಲ್ ಪೆಟ್ಟಿಗೆಗಳು ಸಿಗುತ್ತವೆ. ಆಳವೂ ಸರಿ, ಹಗುರವೂ ಹೌದು. ಮೀನು ವ್ಯಾಪಾರದ ಸಾಬರು ಪರಿಚಯದವರು, ಅವರು ದಿನಾ ಏರುವುದು ನನ್ನ ಬಸ್ಸನ್ನೇ. ಒಂದು ರಿಕ್ಷಾ ಭರ್ತಿ ಪೆಟ್ಟಿಗೆ ಕೊಟ್ಟರು. "ಚೆನ್ನಾಗಿ ತೊಳೀರಿ ಭಾಯ್" ಎಂದೂ ಹೇಳಿದರು. ತೊಳೆದೆ. ಸೋಪಿನಲ್ಲಿ, ನಿಂಬೆಹುಳಿಯಲ್ಲಿ, ಬಿಸಿಲಿಗಿಟ್ಟು. ಗೆಲ್ಲು ಊರಿ, ತೇವ ಆರದಿರಲೆಂದು ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು, ಜಗಲಿಯ ತುಂಬ ಜೋಡಿಸಿದೆ.

ಮನುಷ್ಯರ ಮೂಗಿಗೆ ವಾಸನೆ ಹೋಗಿತ್ತು. ಮುಟ್ಟಳ್ಳಿಯ ಬೆಕ್ಕುಗಳು ಮನುಷ್ಯರಲ್ಲ.

ಮರುದಿನ ಬೆಳಗ್ಗೆ ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲ. ಪೆಟ್ಟಿಗೆಗೆ ಒಂದೊಂದರಂತೆ ಬೆಕ್ಕು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ, "ಅಣ್ಣ, ಮಗಳ ಮದುವೆಗೆ ಬೆಕ್ಕು ಕೊಡೂದಾ?" ಎಂದು ಕೇಳಿದಳು. ಓಡಿಸಿದರೆ ಒಂದು ಸುತ್ತು ಹೋಗಿ ಮತ್ತೆ ಅಲ್ಲೇ. ಹೊರಗೆ ಜಡಿಮಳೆ, ಒಳಗೆ ಮೀನಿನ ಆಸೆ, ಅವಕ್ಕೆ ಇನ್ನೆಂತ ಬೇಕು? ಪ್ಲಾಸ್ಟಿಕ್ಕಿನ ಮೇಲೆ ಸುರುಳಿ ಸುತ್ತಿ ಮಲಗಿದವು. ನಾನು ಸೋತು ಬಿಟ್ಟುಬಿಟ್ಟೆ.

ಆಮೇಲೆ ನೋಡಿದರೆ, ಬೆಕ್ಕು ಮಲಗಿದ ಪೆಟ್ಟಿಗೆಗಳಲ್ಲೇ ಮೊದಲು ಬೇರು ಬಂದದ್ದು! ದೊಡ್ಡ ದೊಡ್ಡ ನರ್ಸರಿಗಳಲ್ಲಿ ಗೆಲ್ಲಿಗೆ ಬೆಚ್ಚಗೆ ಇರಲೆಂದು ಕರೆಂಟಿನ ಯಂತ್ರ ಇಡುತ್ತಾರಂತೆ. ನನ್ನ ಯಂತ್ರ ಕರೆಂಟು ಹೋದರೂ ನಡೆಯುತ್ತದೆ, ಮೇಲಿಂದ ಇಲಿಯನ್ನೂ ಹಿಡಿಯುತ್ತದೆ.

ಭಾವನ ಮಾಡು

ಇನ್ನೂ ಅರ್ಧದಷ್ಟು ಊರುವುದಿತ್ತು. ಹೊನ್ನಾವರದಿಂದ ಹೆಂಡತಿಯ ಅಣ್ಣ ಸಹಾಯಕ್ಕೆ ಬಂದರು. ನಾನು ಅವರಿಗೆ ಪಾಠ ಮಾಡಿದೆ, "ಭಾವ, ಗೆಲ್ಲಿನ ಬುಡ ಯಾವುದು ತುದಿ ಯಾವುದು ಅಂತ ಗೊತ್ತಾಗ್ಲಿಕ್ಕೆ ಒಂದು ಕಡೆ ಓರೆ ಕತ್ತರಿಸಿದ್ದೆ, ಇನ್ನೊಂದು ಕಡೆ ನೇರ. ಗೊತ್ತಾತಲ್ಲ?"

"ಆತು ಆತು. ನಾ ಎಂತ ಸಣ್ಣ ಮಗುವಾ?"

ನಾನು ಡ್ಯೂಟಿಗೆ ಹೋದೆ. ಸಂಜೆ ಬಂದು ನೋಡಿದರೆ ಕೆಲಸ ಮುಗಿಸಿ, ಕಾಲು ಚಾಚಿ ಕೂತು ಅವಲಕ್ಕಿ ತಿನ್ನುತ್ತಿದ್ದಾರೆ. ಪೆಟ್ಟಿಗೆ ನೋಡಿದೆ. ಓರೆ ಇದ್ದದ್ದು ಒಂದೂ ಬಿಡದೆ ಮೇಲ್ಗಡೆ.

"ಭಾವ, ಓರೆ ಇದ್ದದ್ದು ಬುಡ ಅಲ್ದ? ಅದು ಮಣ್ಣಿನೊಳಗೆ ಹೋಗೂದು!"

ಭಾವ ಬಟ್ಟಲು ಕೆಳಗಿಡಲೂ ಇಲ್ಲ. "ನಮ್ಮ ಬದಿಯ ಮಳೆ ಗೊತ್ತಿಲ್ವಾ ನಿಮ್ಗೆ? ನೇರ ಇದ್ದದ್ದನ್ನು ಮೇಲಿಟ್ರೆ ನೀರು ನಿಂತು ಕೊಳೀತದೆ. ಓರೆ ಇದ್ರೆ ಮನೆ ಮಾಡಿನ ಹಾಗೆ ಜಾರಿ ಹೋಗ್ತದೆ. ನೀವು ಹೇಳೂಕೆ ಮರೆತದ್ದನ್ನು ನಾನೇ ಸರಿ ಮಾಡಿದೆ."

ಯೋಚಿಸಿದರೆ, ಸೋರುವ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಇದಕ್ಕಿಂತ ಸರಿಯಾದ ಮಾತಿಲ್ಲ. ಆದರೂ ಕೀಳಬೇಕಲ್ಲ. ಇಬ್ಬರೂ ಕೂತು ಒಂದೊಂದನ್ನೇ ಕಿತ್ತು ತಿರುಗಿಸಿ ಊರಿದೆವು. ಭಾವನ ಮುಖ ಊದಿಕೊಂಡಿತ್ತು. "ಹಾಗೇ ಬಿಟ್ಟಿದ್ರೆ ಎಂತ ಆಗ್ತಿತ್ತು?" ಎಂದು ಗೊಣಗಿದರು.

"ಎಂತ ಇಲ್ಲ. ಹೆಂಗಸರು ದಿನಾ ಶೇಂಗಾ ಅಗೆದ ಹಾಗೆ ಹೂ ಅಗೆದು, ತೊಳೆದು ಮುಡೀಬೇಕಾಗಿತ್ತು."

ಬೀಗಿತಿಯ ಪರೀಕ್ಷೆ

ಬೇರು ಬರಿಸುವವನಿಗೆ ದೊಡ್ಡ ಶತ್ರು ಕೀಟವಲ್ಲ, ನೆಂಟರು. ಬಂದವರೆಲ್ಲ "ಬೇರು ಬಂತಾ ನೋಡ್ವ" ಎಂದು ಒಂದನ್ನು ಎಳೆದು ನೋಡುತ್ತಾರೆ. ನವಿರು ಬೇರು ಪಟ್ಟೆಂದು ಹರಿಯುತ್ತದೆ. "ಬಂದಿತ್ತು" ಎಂದು ಹೇಳಿ ಪುನಃ ಚುಚ್ಚಿ ಹೋಗುತ್ತಾರೆ.

ಚೌತಿ ಕಳೆದ ಮೇಲೆ ಕುಮಟೆಯಿಂದ ಬೀಗಿತಿಯೇ ಬಂದರು. ಅರಿಶಿನ ಕುಂಕುಮ, ಚಾ, ಚಕ್ಕುಲಿ ಎಲ್ಲ ಆಯಿತು. ಅವರ ಕಣ್ಣು ಮಾತ್ರ ಜಗಲಿಯ ಮೇಲೆ. "ಚಿಗುರೇನೋ ಕಾಣ್ತದೆ. ಗೆಲ್ಲಿನೊಳಗಿದ್ದ ರಸದಲ್ಲೂ ಚಿಗುರ್ತದಂತೆ, ಬೇರು ಇಲ್ದೇ" ಎಂದರು. ಎಲ್ಲ ತಿಳಿದ ಹೆಂಗಸು! ಬೇಡ ಎನ್ನುವ ಮೊದಲೇ ಎದ್ದು ಹೋಗಿ ಒಂದು ಗೆಲ್ಲನ್ನು ಹಿಡಿದು ಎಳೆದರು.

ಬರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡು ಕೈಯಲ್ಲಿ ಎಳೆದರು. ಗೆಲ್ಲಿನ ಸಂಗಡ ಮರಳು, ಮರಳಿನ ಸಂಗಡ ಪೆಟ್ಟಿಗೆ, ಪೆಟ್ಟಿಗೆಯ ಸಂಗಡ ಅದರ ಮೇಲೆ ಮಲಗಿದ್ದ ಬೆಕ್ಕು, ಎಲ್ಲ ಒಟ್ಟಿಗೆ ಮೇಲೆದ್ದವು.

ನಾನು ಮೆಲ್ಲಗೆ, "ಅತ್ತಿಗೆಯವ್ರೆ, ಇನ್ನೂ ಎಳೆದ್ರೆ ಮನೆ ಬರ್ತದೆ" ಎಂದೆ.

ಮದುವೆ ಮನೆ

ದೀಪಾವಳಿಯ ಮುಂಚೆಯೇ ಒಂದೊಂದನ್ನೂ ಹಾಲಿನ ಪ್ಯಾಕೆಟ್ಟಿನ ಖಾಲಿ ಪ್ಲಾಸ್ಟಿಕ್ ಕೊಟ್ಟೆಗೆ ವರ್ಗ ಮಾಡಿದ್ದೆ. ಮದುವೆಯ ಬೆಳಗ್ಗೆ ಸಭಾಭವನದ ಬಾಗಿಲಲ್ಲಿ ಉದ್ದ ಮೇಜು ಹಾಕಿ, ಐನೂರು ಗಿಡ ಜೋಡಿಸಿ, ರೇಷ್ಮೆ ಪಂಚೆ ಉಟ್ಟು ಅದರ ಹಿಂದೆ ನಿಂತೆ. ಗಿಡಗಳು ಹಸಿರಾಗಿ ನಗುತ್ತಿದ್ದವು. ನಾನು ಅವಕ್ಕಿಂತ ಹೆಚ್ಚು.

ಊಟ ಮುಗಿಸಿ ಮೊದಲ ಪಂಕ್ತಿ ಹೊರಬಂತು. "ಗಿಡ ತಕಳ್ಳಿ" ಎಂದೆ. "ಚಂದ ಇದೆ. ಇರ್ಲಿ, ಆಮೇಲೆ ತಕಂತೆ" ಎಂದು ಮುಂದೆ ಹೋದರು. ಮುಂದಿನವರೂ ಅದನ್ನೇ ಹೇಳಿದರು. ಅವರ ಹಿಂದಿನವರಂತೂ ಗಿಡ ಕಂಡೇ ಇಲ್ಲವೆಂಬಂತೆ ಅತ್ತ ಮುಖ ತಿರುಗಿಸಿದರು. ಎರಡನೇ ಪಂಕ್ತಿಯೂ ಹೋಯಿತು. ಐನೂರರಲ್ಲಿ ಐನೂರೂ ಅಲ್ಲೇ! ಬೀಗಿತಿ ಕಂಬದ ಪಕ್ಕ ನಿಂತು ನೋಡುತ್ತಿದ್ದರು. ಬೇರು ಬಾರದೆ ಹೋಗುವ ಅವಮಾನಕ್ಕೆ ನಾನು ತಯಾರಿದ್ದೆ. ಬಂದ ಮೇಲೂ ಯಾರಿಗೂ ಬೇಡವಾಗುವ ಅವಮಾನ ಇದೆಯೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಕುರ್ಚಿಯಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ನನ್ನ ಸೋದರತ್ತೆ ಕೈಮಾಡಿ ಕರೆದಳು. "ಏ ಮಾಣಿ, ಕೊಟ್ಟ ಮಲ್ಲಿಗೆ ಎಲ್ಲಾದ್ರೂ ಹೂ ಬಿಡ್ತದ? ಕದ್ದು ತಂದದ್ದೇ ಬಿಡೂದು. ನೀ ಹೀಗೆ ಕೈಯಲ್ಲಿ ಕೊಟ್ರೆ ಯಾರು ಮುಟ್ತಾರೆ?"

"ಮೊದಲೇ ಹೇಳೂಕಾಗಿಲ್ವಾ ಅತ್ತೆ?"

"ನೀ ಎಲ್ಲಿ ಬೇರೆಯವರಿಗೆ ಮಾತಾಡೂಕೆ ಬಿಡ್ತೆ?"

ಆಗ ಯೋಚಿಸಿದೆ. ನನ್ನ ಹಿತ್ತಲಿನ ಯಾವ ಗಿಡವನ್ನು ನಾನು ಕೇಳಿ ತಂದಿದ್ದೇನೆ? ಭಟ್ಕಳ–ಕುಮಟೆ ರಸ್ತೆಯಲ್ಲಿ ಡ್ರೈವರ್ ಕಿಟಕಿಗೆ ಎಟುಕುವ ಬೇಲಿಗಳೆಲ್ಲ ನನ್ನ ಹಿತ್ತಲಲ್ಲೇ ಇವೆ!

ಹೆಂಡತಿಗೆ ವಿಷಯ ತಿಳಿಯುವುದೇ ತಡ, ಅಡುಗೆಯವರನ್ನು ಕರೆದು ಗಿಡವನ್ನೆಲ್ಲ ಭವನದ ಹಿಂದಿನ ಪಾತ್ರೆ ತೊಳೆಯುವ ಜಾಗಕ್ಕೆ ಸಾಗಿಸಿದಳು. ಅಲ್ಲೊಂದು ಕುರ್ಚಿ ಹಾಕಿ ನನ್ನನ್ನು ಕೂರಿಸಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಈ ಗಿಡ ಯಾರೂ ಮುಟ್ಟೂಕಿಲ್ಲ! ಇವರು ಕಾವಲಿಗೆ ಕೂತಿದ್ದಾರೆ!" ಎಂದು ಕೂಗಿ, ನನ್ನ ಕಿವಿಯಲ್ಲಿ, "ಇನ್ನು ಕಣ್ಣು ಮುಚ್ಚಿ. ಬಾಯನ್ನೂ" ಎಂದಳು.

ನಾನು ತಲೆ ವಾಲಿಸಿ, ಗೊರಕೆಯ ನಟನೆ ಮಾಡುತ್ತ, ಅರೆಗಣ್ಣಲ್ಲಿ ನೋಡುತ್ತ ಕೂತೆ. ಏನು ಹೇಳಲಿ! ಮೊದಲು ಬಂದವರು ಮದುವೆ ಮಾಡಿಸಿದ ಭಟ್ಟರು. ಶಾಲಿನೊಳಗೆ ಒಂದು, ದಕ್ಷಿಣೆಯ ಚೀಲದಲ್ಲಿ ಒಂದು. ಫೋಟೋದವನು ಕ್ಯಾಮೆರಾ ಕೈಯಲ್ಲಿ ಹಿಡಿದು ಅದರ ಚೀಲದಲ್ಲಿ ಗಿಡ ಮಲಗಿಸಿದ. ಪಕ್ಕದ ಮನೆಯಾಕೆ ಸೆರಗಿನಲ್ಲಿ. ಸ್ವಂತ ಕೈಯಿಂದ ಊರಿದ ಭಾವ, ಕೇಳಿದ್ದರೆ ರಿಕ್ಷಾ ಮಾಡಿ ಕಳಿಸಿಕೊಡುತ್ತಿದ್ದೆ, ಅವರೂ ಬೆಕ್ಕಿನ ಹೆಜ್ಜೆಯಲ್ಲಿ ಬಂದು ಪಂಚೆಯೊಳಗೆ ಸೇರಿಸಿಕೊಂಡರು. ಕೊನೆಗೆ ಬೀಗಿತಿ! ನಾಲ್ಕು ಹೆಂಗಸರು ರೇಷ್ಮೆ ಸೀರೆಯ ಗೋಡೆ ಕಟ್ಟಿ ನಿಂತರು, ಬೀಗರು ಕೆಮ್ಮಿ ಸನ್ನೆ ಕೊಟ್ಟರು, ಆಕೆ ಮೂರು ಗಿಡ ಎತ್ತಿ ಹರಿವಾಣದಲ್ಲಿಟ್ಟು ಮೇಲೆ ಫಲತಾಂಬೂಲ ಮುಚ್ಚಿದರು. ದಿಬ್ಬಣ ಹೊರಡುವಷ್ಟರಲ್ಲಿ ನೆಲದ ಮೇಲೆ ಕೊಟ್ಟೆಗಳ ಒದ್ದೆ ಗುರುತು ಮಾತ್ರ.

ಮಗಳನ್ನು ಕಳಿಸಿಕೊಡುವಾಗ ಅಪ್ಪಂದಿರು ಅಳುತ್ತಾರೆ. ನಾನೂ ಅತ್ತೆ, ಆದರೆ ಎದೆ ಉಬ್ಬಿಸಿಕೊಂಡು. ಭಟ್ಕಳದಿಂದ ಕುಮಟೆಯವರೆಗೆ ಐನೂರು ಮನೆಯವರು ಕಳ್ಳರಾಗಬೇಕಾದರೆ ಗಿಡ ಎಂಥದ್ದಿರಬೇಕು ನೀವೇ ಹೇಳಿ.

ಆಣೆ ಮಾಡುತ್ತೇನೆ ಎಂದಿದ್ದರಿಂದ ಒಂದು ಸಣ್ಣ ತಿದ್ದುಪಡಿ. ಗೊರಕೆಯ ನಟನೆ ಮಾಡಿದೆ ಎಂದೆನಲ್ಲ, ಅದೊಂದು ಸೇರಿಸಿದ್ದು. ಹೋಳಿಗೆ ಊಟ, ವಾರದ ಆಯಾಸ, ಕೂತ ತಕ್ಷಣ ನಿಜವಾಗಿಯೇ ನಿದ್ದೆ ಹತ್ತಿತ್ತು. ನಾನು ಒಂದನ್ನೂ ಕಣ್ಣಾರೆ ಕಂಡಿಲ್ಲ. ಆದರೆ ಉಳಿದದ್ದೆಲ್ಲ ಅಪ್ಪಟ ಸತ್ಯ. ಯಾರು ಯಾರು ಎಷ್ಟೆಷ್ಟು ಕದ್ದರೆಂದು ಮರುದಿನದಿಂದ ಎಲ್ಲರೂ ಒಬ್ಬೊಬ್ಬರಾಗಿ ಬಸ್ಸಿಗೇ ಬಂದು ನನ್ನ ಕಿವಿಯಲ್ಲಿ ಹೇಳಿ ಹೋಗಿದ್ದಾರೆ. ತಮ್ಮದೊಂದನ್ನು ಬಿಟ್ಟು.